ಒಂದು ಲಕ್ಷ ನೆಂಟರು ಬರುವ ಮನೆ

ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಮಾತ್ರ ಇದನ್ನು 2007ರ ಸೆಪ್ಟೆಂಬರ್ 15ರಂದು ಕಲಿಯಬೇಕಾಯಿತು. ಅಂದು ಅದರ ಹೊಚ್ಚಹೊಸ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ. ಎದುರಾಳಿ, ದೇಶಕ್ಕೇ ಹೆಸರಾದ ಟೆಕ್ಸಸ್ ತಂಡ. 45,000ಕ್ಕೂ ಹೆಚ್ಚು ಜನ ಸೇರಿದ್ದರು, ನೆತ್ತಿ ಸುಡುವ ಬಿಸಿಲಿತ್ತು. ಸ್ಟೇಡಿಯಂ ಕಟ್ಟಿದವರು ಕುಡಿಯುವ ನೀರಿನ ಒಂದೇ ಒಂದು ನಲ್ಲಿಯನ್ನೂ ಇಟ್ಟಿರಲಿಲ್ಲ. ಬಾಯಾರಿದವರು ಬಾಟಲಿ ಕೊಳ್ಳಬೇಕಿತ್ತು. ಬಾಟಲಿಗಳೂ ಆಟ ಮುಗಿಯುವ ಮೊದಲೇ ಖಾಲಿಯಾದವು. 18 ಮಂದಿ ಆಸ್ಪತ್ರೆ ಸೇರಿದರು, ಸುಮಾರು 60 ಮಂದಿಗೆ ಸ್ಥಳದಲ್ಲೇ ಚಿಕಿತ್ಸೆ ಕೊಡಬೇಕಾಯಿತು.

ತವರು ತಂಡ 35-32ರಲ್ಲಿ, ಬರೀ ಮೂರು ಅಂಕಗಳಿಂದ ಸೋತಿತ್ತು. ಅಂಥ ಬಲಿಷ್ಠ ಎದುರಾಳಿಯ ಮುಂದೆ ಅದು ಗೆದ್ದಷ್ಟೇ ಲೆಕ್ಕ. ಆದರೆ ಸುದ್ದಿಯಾದದ್ದು ನೀರು. ಮುಂದಿನ ತವರು ಪಂದ್ಯಕ್ಕೆ ಬಂದವರಿಗೆಲ್ಲ ತಲಾ ಒಂದು ಬಾಟಲಿ ಉಚಿತವಾಗಿ ಕೊಟ್ಟರು, ಆಮೇಲೆ ನಲ್ಲಿಗಳೂ ಬಂದವು.

ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಗಜ ಗಜವಾಗಿ ಮುನ್ನುಗ್ಗುವ ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು ಎಂದು ಹಗುರವಾಗಿ ಎಣಿಸುವಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಅದಿರುವ ಆ್ಯನ್ ಆರ್ಬರ್ ಊರಿನ ಒಟ್ಟು ಜನಸಂಖ್ಯೆಯೇ ಸುಮಾರು ಒಂದೂಕಾಲು ಲಕ್ಷ. ಲಕ್ಷ ಮೀರಿದ ಕಾಲೇಜು ಸ್ಟೇಡಿಯಂಗಳು ಆ ದೇಶದಲ್ಲಿ ಎಂಟಿವೆ. ಒಂದೊಂದರಲ್ಲೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ತುಂಬಿದಾಗ ಇರುವ ಜನರ ಎರಡೂವರೆ ಪಟ್ಟು ಎಂದರೆ ಅಂದಾಜು ಸಿಕ್ಕೀತು. ಇಷ್ಟೆಲ್ಲ ಇದ್ದೂ ವರ್ಷಕ್ಕೆ ತವರು ಪಂದ್ಯಗಳು ಆರೇಳು ಮಾತ್ರ, ಹೆಚ್ಚೆಂದರೆ ಎಂಟು. ಊರಹಬ್ಬ ಇದ್ದ ಹಾಗೆ.

ಈ ಹಬ್ಬಕ್ಕೆ ಬರುವವರು ಕಡಿಮೆಯಾಗುತ್ತಿದ್ದಾರೆ ಎಂಬ ಆತಂಕ ಹತ್ತು-ಹದಿನೈದು ವರ್ಷಗಳಿಂದ ಇದೆ. ಮೇಲ್ದರ್ಜೆಯ ತಂಡಗಳ ಸರಾಸರಿ ಪ್ರೇಕ್ಷಕರ ಸಂಖ್ಯೆ 2008ರಲ್ಲಿ ಸುಮಾರು 47,000ಕ್ಕೆ ಏರಿತ್ತು. 2017ರಲ್ಲಿ ಅದು 42,203ಕ್ಕೆ ಇಳಿಯಿತು. ಕಾರಣ ಏನು, ಮದ್ದು ಏನು ಎಂದು ಕೇಳಿದರೆ ಪ್ರತಿಯೊಬ್ಬರ ಬಳಿಯೂ ಸಿದ್ಧ ಉತ್ತರ ಉಂಟು. ಅವುಗಳಲ್ಲಿ ಹೆಚ್ಚಿನವು ಅರೆಸತ್ಯ.

“ತಂಡ ಗೆದ್ದರೆ ಜನ ತಾವಾಗಿಯೇ ಬರುತ್ತಾರೆ”

ಕೋಚ್‌ಗಳಿಗೂ ಕ್ರೀಡಾ ನಿರ್ದೇಶಕರಿಗೂ ಇದಕ್ಕಿಂತ ಇಷ್ಟವಾದ ನಂಬಿಕೆ ಇನ್ನೊಂದಿಲ್ಲ. ಅಲಬಾಮಾ ತಂಡವನ್ನು ನೋಡಿದರೆ ಇದು ಎಷ್ಟು ಪೊಳ್ಳು ಎಂದು ಗೊತ್ತಾಗುತ್ತದೆ. ಕೋಚ್ ನಿಕ್ ಸೇಬನ್ ಅವರ ಕಾಲದಲ್ಲಿ ಆ ತಂಡ ಆರು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ಸೇಬನ್ 2013ರಲ್ಲೂ ಆಮೇಲೂ ಗೊಣಗಿದ್ದು ಒಂದೇ ವಿಷಯಕ್ಕೆ: ವಿದ್ಯಾರ್ಥಿಗಳು ಅರ್ಧ ಆಟಕ್ಕೇ ಎದ್ದು ಹೋಗುತ್ತಾರೆ. 2019ರಲ್ಲಿ ವಿಶ್ವವಿದ್ಯಾಲಯ ಒಂದು ಮೊಬೈಲ್ ಆ್ಯಪ್ ತಂದಿತು. ಪಂದ್ಯಕ್ಕೆ ಬಂದರೆ 100 ಪಾಯಿಂಟ್, ಆಟದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ವರೆಗೆ ಕೂತರೆ ಇನ್ನೂ 250. ವಿದ್ಯಾರ್ಥಿ ಎಲ್ಲಿದ್ದಾನೆ ಎಂದು ಫೋನೇ ಚಾಡಿ ಹೇಳುತ್ತಿತ್ತು. ಪಾಯಿಂಟ್ ಹೆಚ್ಚಿದ್ದವರಿಗೆ ದೊಡ್ಡ ಪಂದ್ಯಗಳ ಟಿಕೆಟ್‌ನಲ್ಲಿ ಆದ್ಯತೆ. ಹಾಜರಿ ಕಡಿಮೆಯಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದು ಹೆದರಿಸುವ ನಮ್ಮ ಕಾಲೇಜುಗಳ ನೆನಪಾಗದೆ ಇರದು.

ಆ ವರ್ಷದ ಮೊದಲ ತವರು ಪಂದ್ಯ ಹೇಗಿತ್ತು? ಸೆಪ್ಟೆಂಬರ್ 7, ಮಧ್ಯಾಹ್ನ ಮೂರರ ಸುಡುಬಿಸಿಲು, ಕೂರಲು ಕಾದ ಅಲ್ಯೂಮಿನಿಯಂ ಬೆಂಚು. ಎದುರಾಳಿ ನ್ಯೂ ಮೆಕ್ಸಿಕೊ ಸ್ಟೇಟ್. ಅಲಬಾಮಾ ಗೆದ್ದದ್ದು 62-10ರಲ್ಲಿ. ಫಲಿತಾಂಶ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾದ ಆಟಕ್ಕೆ ಮೂರು ತಾಸು ಬೇಯುತ್ತ ಕೂರದ ಹುಡುಗರಿಗೆ ನಿಷ್ಠೆ ಇಲ್ಲ ಎನ್ನುವುದು ಅನ್ಯಾಯ. ಅವರಿಗೆ ಬುದ್ಧಿ ಇತ್ತು, ಅಷ್ಟೇ.

ಇನ್ನೊಂದು ತುದಿಯಲ್ಲಿ ನೆಬ್ರಾಸ್ಕಾ ಇದೆ. 2017ರಿಂದ 2023ರವರೆಗೆ, ಏಳು ಸೀಸನ್ ಸತತವಾಗಿ, ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ 1962ರ ನವೆಂಬರ್‌ನಲ್ಲಿ ತೂಗುಹಾಕಿದ ಹೌಸ್‌ಫುಲ್ ಬೋರ್ಡನ್ನು ಇಂದಿಗೂ ಇಳಿಸಿಲ್ಲ. ಸತತ 400 ಪಂದ್ಯ ದಾಟಿದೆ. ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟುದ್ದದ ದಾಖಲೆ ಬೇರೆ ಯಾರಿಗೂ ಇಲ್ಲ.

ಹಾಗೆಂದು ಆ ಬೋರ್ಡನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಸೋಲಿನ ವರ್ಷಗಳಲ್ಲಿ ಉಳಿದುಹೋದ ಟಿಕೆಟ್‌ಗಳನ್ನು ದಾನಿಗಳೇ ಕೊಂಡು, ಅನುಕೂಲವಿಲ್ಲದ ಮನೆಗಳ ಮಕ್ಕಳಿಗೆ ಹಂಚುವ ಏರ್ಪಾಡು ನೆಬ್ರಾಸ್ಕಾದಲ್ಲಿ ಆಯಿತು. ದಾಖಲೆ ಉಳಿಸುವ ಹಟದಿಂದಲೇ ಹುಟ್ಟಿದ್ದಿರಬಹುದು. ಆದರೂ ಸ್ಟೇಡಿಯಂನ ಮೆಟ್ಟಿಲನ್ನೇ ಹತ್ತದ ಮಕ್ಕಳು ಹಾಗಾದರೂ ಹತ್ತಿದರು.

“ಹೌಸ್‌ಫುಲ್ ಎಂದರೆ ತುಂಬಿದೆ ಎಂದೇ ಅರ್ಥ”

ಅಲ್ಲ. ಪ್ರಕಟಿಸುವ ಸಂಖ್ಯೆ ಸಾಮಾನ್ಯವಾಗಿ ಮಾರಿದ ಮತ್ತು ಹಂಚಿದ ಟಿಕೆಟ್‌ಗಳದ್ದು. ಗೇಟಿನಲ್ಲಿ ನಿಜಕ್ಕೂ ಸ್ಕ್ಯಾನ್ ಆದ ಟಿಕೆಟ್‌ಗಳ ಲೆಕ್ಕವನ್ನು 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಕಲೆಹಾಕಿದಾಗ, ಅದು ಪ್ರಕಟಿತ ಸಂಖ್ಯೆಯ ಶೇ 71ರಷ್ಟು ಮಾತ್ರ ಇತ್ತು. ಅಂದರೆ ಹಣ ಕೊಟ್ಟ ಮೇಲೂ ಮನೆಯಲ್ಲೇ ಉಳಿದವರು ಇದ್ದಾರೆ. ಟಿಕೆಟ್ ಮಾರುವ ವಿಭಾಗಕ್ಕೆ ಇವರಿಂದ ಚಿಂತೆಯಿಲ್ಲ, ದುಡ್ಡು ಬಂದಾಗಿದೆ. ಇವರು ಮುಂದಿನ ವರ್ಷ ಟಿಕೆಟ್ ಕೊಳ್ಳದಿದ್ದಾಗ ಮಾತ್ರ ಚಿಂತೆ ಶುರು.

“ಟಿವಿ ಬಂದು ಸ್ಟೇಡಿಯಂ ಖಾಲಿಯಾಯಿತು”

ಈ ನಂಬಿಕೆಗೆ ಎಪ್ಪತ್ತು ದಾಟಿದೆ. ಟಿವಿಯಲ್ಲಿ ತೋರಿಸಿದರೆ ಗೇಟಿಗೆ ಯಾರೂ ಬರುವುದಿಲ್ಲ ಎಂದು ಹೆದರಿದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ, 1950ರ ದಶಕದ ಆರಂಭದಿಂದಲೇ ನೇರಪ್ರಸಾರಕ್ಕೆ ಕಡಿವಾಣ ಹಾಕಿತು. ಯಾವ ತಂಡ ಎಷ್ಟು ಸಲ ಪರದೆಯ ಮೇಲೆ ಕಾಣಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಕೋರ್ಟಿಗೆ ಹೋದರು. 1984ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಆ ನಿರ್ಬಂಧವನ್ನು ಕಿತ್ತುಹಾಕಿತು. ಆಮೇಲೆ ಚಾನೆಲ್‌ಗಳ ಸುರಿಮಳೆ. ಆದರೆ ಸ್ಟೇಡಿಯಂಗಳು ಖಾಲಿಯಾಗಲಿಲ್ಲ. ಮೇಲೆ ಹೇಳಿದ 2008ರ ಗರಿಷ್ಠ ಸರಾಸರಿ ಬಂದದ್ದು ತೀರ್ಪು ಬಂದು 24 ವರ್ಷಗಳಾದ ಮೇಲೆ, ಮನೆಮನೆಗೂ ದೊಡ್ಡ ಪರದೆ ಬರುತ್ತಿದ್ದ ಹೊತ್ತಿನಲ್ಲಿ.

ಟಿವಿ ಕಾಟ ಕೊಡುವುದು ಬೇರೆ ದಾರಿಯಲ್ಲಿ. ಮೈದಾನದ ಗೆರೆಯಾಚೆ ಕೆಂಪು ಟೋಪಿಯವನೊಬ್ಬ ನಿಂತಿರುತ್ತಾನೆ. ಟಿವಿ ಕಡೆಯ ಮನುಷ್ಯ. ಜಾಹೀರಾತು ಶುರುವಾದಾಗ ಅವನು ಹುಲ್ಲಿನ ಮೇಲೆ ಹೆಜ್ಜೆ ಇಡುತ್ತಾನೆ, ಆಟ ನಿಲ್ಲುತ್ತದೆ. ಇಪ್ಪತ್ತೆರಡು ಆಟಗಾರರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿರುತ್ತಾರೆ, ರೆಫ್ರಿ ಆಕಾಶ ನೋಡುತ್ತಾನೆ, ಬ್ಯಾಂಡ್‌ನವರು ಒಂದು ಹಾಡು ನುಡಿಸಿ ಮುಗಿಸುತ್ತಾರೆ. ಮನೆಯಲ್ಲಿರುವವನು ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಚಿಪ್ಸ್ ತರುತ್ತಾನೆ. ನೂರು ಡಾಲರ್ ಕೊಟ್ಟು ಬಂದವನು ಕೆಂಪು ಟೋಪಿ ಯಾವಾಗ ಹಿಂದೆ ಸರಿಯುತ್ತದೆ ಎಂದು ಕಾಯುತ್ತಾನೆ. ಇದೆಲ್ಲ ಸೇರಿ ಗಡಿಯಾರದಲ್ಲಿ 60 ನಿಮಿಷದ ಆಟ 3 ಗಂಟೆ 20 ನಿಮಿಷ ಹಿಡಿಯುತ್ತದೆ. ಅವಧಿ ಕುಗ್ಗಿಸಲೆಂದು 2023ರಲ್ಲಿ ನಿಯಮ ಬದಲಾಯಿತು. ಹತ್ತು ಗಜ ಮುನ್ನಡೆದು ಫಸ್ಟ್ ಡೌನ್ ಗಳಿಸಿದಾಗಲೆಲ್ಲ ಗಡಿಯಾರ ನಿಲ್ಲಿಸುವ, 1968ರಿಂದ ಬಂದ ಪದ್ಧತಿ ಪ್ರತಿ ಅರ್ಧದ ಕೊನೆಯ ಎರಡು ನಿಮಿಷಗಳಿಗಷ್ಟೇ ಉಳಿಯಿತು. ಕತ್ತರಿ ಬಿದ್ದದ್ದು ಆಟಕ್ಕೆ, ಜಾಹೀರಾತಿಗಲ್ಲ.

ಅದಕ್ಕಿಂತ ದೊಡ್ಡ ತಾಪತ್ರಯ ಪಂದ್ಯ ಶುರುವಾಗುವ ಸಮಯ. ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಆದರೆ ಮಧ್ಯಾಹ್ನ ಹನ್ನೆರಡಕ್ಕೋ ರಾತ್ರಿ ಎಂಟಕ್ಕೋ ಎಂಬುದನ್ನು ಚಾನೆಲ್‌ಗಳು ಹೇಳುವುದು ಅನೇಕ ಸಲ 12 ದಿನ ಮೊದಲು, ಕೆಲವೊಮ್ಮೆ ಬರೀ ಆರು ದಿನ ಮೊದಲು. ಇನ್ನೂರು ಮೈಲಿ ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಅಪ್ಪ ಅಂದೇ ವಾಪಸಾಗಬಹುದೋ, ರೂಮು ಮಾಡಬೇಕೋ ಎಂದು ನಿರ್ಧರಿಸುವುದು ಹೇಗೆ? ಪರದೆ ಎಷ್ಟೇ ಚಂದವಿದ್ದರೂ ಅವನು ಹೊರಟೇ ಹೊರಡುತ್ತಿದ್ದ, ಸಮಯ ಗೊತ್ತಿದ್ದರೆ. ಆಗ್ನೇಯ ರಾಜ್ಯಗಳ ಎಸ್‌ಇಸಿ ಒಕ್ಕೂಟ 2024ರಿಂದ ಪ್ರತಿ ಪಂದ್ಯವೂ ಬೆಳಗ್ಗೆಯೋ ಮಧ್ಯಾಹ್ನವೋ ಇರುಳೋ ಎಂಬ ಸ್ಥೂಲ ಸೂಚನೆಯನ್ನು ಸೀಸನ್‌ಗೆ ಮುಂಚೆಯೇ ಕೊಡತೊಡಗಿದೆ. ಟಿವಿಯ ಅನುಕೂಲಕ್ಕೆ ಕೆಲವನ್ನು ತೆರೆದಿಟ್ಟುಕೊಂಡಿದೆ ನಿಜ, ಆದರೂ ಅಪ್ಪನಿಗೆ ಇದರಿಂದ ಆದ ಉಪಕಾರ ಯಾವ ಲೇಸರ್ ಶೋನಿಂದಲೂ ಆಗದು.

“ಹುಡುಗರಿಗೆ ವೈ-ಫೈ ಇದ್ದರೆ ಸಾಕು”

2010ರ ದಶಕದಲ್ಲಿ ಇದೊಂದು ಗೀಳಾಗಿತ್ತು. ಅದೇ ದಶಕದ ಮಧ್ಯದಲ್ಲಿ, ಪಂದ್ಯಕ್ಕೆ ಬರಲು ಏನೇನು ಮುಖ್ಯ ಎಂದು ದೇಶದ ಹಲವು ಕಾಲೇಜುಗಳ ವಿದ್ಯಾರ್ಥಿಗಳನ್ನೇ ಕೇಳಿದಾಗ, ಫೋನ್ ಸಿಗ್ನಲ್ಲಿಗೆ ಪಟ್ಟಿಯ ಕೊನೆಯ ಜಾಗ ಸಿಕ್ಕಿತು. ಟಿಕೆಟೇ ಮೊಬೈಲಿಗೆ ಬಂದ ಮೇಲೆ ಗೇಟಿನಲ್ಲಿ ನೆಟ್‌ವರ್ಕ್ ಬೇಕು, ಅದು ಬೇರೆ ಮಾತು. ಫೋನ್ ನೋಡಲೆಂದು ಯಾರೂ ಸ್ಟೇಡಿಯಂಗೆ ಹೋಗುವುದಿಲ್ಲ.

“ದೊಡ್ಡದಾದಷ್ಟೂ ಅಬ್ಬರ”

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಹಳೆಯ ಸ್ಟೇಡಿಯಂ 1921ರದ್ದು. ಸುಮಾರು 85,000 ಜನ ಹಿಡಿಯುತ್ತಿದ್ದ ಆ ಬೋಗುಣಿಯಲ್ಲಿ ಮೈದಾನಕ್ಕೂ ಬೆಂಚುಗಳಿಗೂ ನಡುವೆ ಓಟದ ಟ್ರ್ಯಾಕ್ ಇತ್ತು. ಅರ್ಧ ತುಂಬಿದಾಗಲೂ ಭಣಗುಡುತ್ತಿತ್ತು. 2005ರ ಕೊನೆಯ ತವರು ಪಂದ್ಯ ಮುಗಿದದ್ದೇ ತಡ, ಒಡೆದರು. ಟ್ರ್ಯಾಕ್ ತೆಗೆದು, ಸುಮಾರು 50,000 ಸೀಟುಗಳ ಹೊಸ ಸ್ಟೇಡಿಯಂ ಅಲ್ಲೇ ಎದ್ದು 2006ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಮೂರನೇ ಒಂದು ಭಾಗಕ್ಕೂ ಹೆಚ್ಚು ಸೀಟು ಕಡಿಮೆ, ಆದರೆ ಆಟ ಹತ್ತಿರ. ಅಲಬಾಮಾ 2020ರ ದುರಸ್ತಿಯಲ್ಲಿ 1,01,821 ಇದ್ದದ್ದನ್ನು 1,00,077ಕ್ಕೆ ಇಳಿಸಿಕೊಂಡಿತು. ಲಕ್ಷ ಎಂಬ ಪ್ರತಿಷ್ಠೆ ಬಿಡಲು ಮನಸ್ಸಿಲ್ಲ, ನೋಡಿ. ಉಳಿದ 77 ಸೀಟು ಆ ಪ್ರತಿಷ್ಠೆಗೆ.

ಅಬ್ಬರಕ್ಕೆ ಗಾತ್ರ ಬೇಡ ಎನ್ನಲು ಒರ್ಲ್ಯಾಂಡೊದ ಅದೇ ನೀರಿಲ್ಲದ ಸ್ಟೇಡಿಯಂ ಸಾಕ್ಷಿ. ಉಕ್ಕಿನ ಚೌಕಟ್ಟಿನ ಗ್ಯಾಲರಿ ಅದು, ಜನ ಒಟ್ಟಿಗೆ ಕುಣಿದರೆ ಅದೂ ಕುಣಿಯುತ್ತದೆ. ಮೊದಮೊದಲು ಗಾಬರಿಯಾಗಿ ಬಿಗಿಪಡಿಸಿದರು. ಅಭಿಮಾನಿಗಳು ಇಟ್ಟ ಅಡ್ಡಹೆಸರು ‘ಬೌನ್ಸ್ ಹೌಸ್’. ಕೊನೆಗೆ ಅದೇ ಅಧಿಕೃತ ಹೆಸರಾಯಿತು.

“ಬಿಯರ್ ಮಾರಿದರೆ ಗಲಾಟೆ ಖಂಡಿತ”

ಕೇಳಲು ಸರಿಯೆನಿಸುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಆದದ್ದು ತಿರುವುಮುರುವು. ಅಲ್ಲಿ ಒಳಗೆ ಮದ್ಯ ಸಿಗುತ್ತಿರಲಿಲ್ಲ, ಆದರೆ ಮಧ್ಯಂತರದಲ್ಲಿ ಹೊರಗೆ ಹೋಗಿ ಮರಳಿ ಬರಲು ಪಾಸ್ ಸಿಗುತ್ತಿತ್ತು. ಜನ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಗಾಡಿಗೆ ಓಡುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಎಷ್ಟು ಇಳಿಸಬಹುದೋ ಅಷ್ಟನ್ನೂ ಗಂಟಲಿಗೆ ಇಳಿಸಿ ತೂರಾಡುತ್ತ ವಾಪಸಾಗುತ್ತಿದ್ದರು. 2011ರಲ್ಲಿ ಕ್ರೀಡಾ ನಿರ್ದೇಶಕ ಆಲಿವರ್ ಲಕ್ ಎರಡು ಕೆಲಸ ಒಟ್ಟಿಗೆ ಮಾಡಿದರು. ಪಾಸ್ ನಿಲ್ಲಿಸಿದರು, ಒಳಗೇ ಬಿಯರ್ ಮಾರಿದರು. ಪೊಲೀಸರಿಗೆ ಬರುವ ದೂರುಗಳು ಇಳಿದವು. ದುಬಾರಿ ಬಿಯರಿಗೆ ಕ್ಯೂ ನಿಂತವನು ನಿಧಾನಕ್ಕೇ ಕುಡಿಯುತ್ತಾನೆ. 2019ರಲ್ಲಿ ಎಸ್‌ಇಸಿ ಕೂಡ ತನ್ನ ನಿಷೇಧ ಸಡಿಲಿಸಿತು. ಗೊತ್ತುಮಾಡಿದ ಕೌಂಟರ್‌ಗಳಲ್ಲಿ ಮಾತ್ರ ಮಾರಾಟ, ಸೀಟಿನ ಬಳಿ ಹೊತ್ತು ಮಾರುವಂತಿಲ್ಲ, ಮೂರನೇ ಕ್ವಾರ್ಟರ್ ಮುಗಿದರೆ ಬಂದ್.

“ತಿಂಡಿ ಬೆಲೆ ಇಳಿಸಿದರೆ ನಷ್ಟ”

ಗೇಟಿನಲ್ಲಿ ನೀರಿನ ಬಾಟಲಿ ಕಿತ್ತಿಟ್ಟುಕೊಂಡು ಒಳಗೆ ಅದನ್ನೇ ದುಪ್ಪಟ್ಟು ಬೆಲೆಗೆ ಮಾರುವ ವ್ಯವಹಾರ ನಮ್ಮ ಕ್ರಿಕೆಟ್ ಪ್ರೇಕ್ಷಕರಿಗೂ ಹೊಸತಲ್ಲ. ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ 2017ರಲ್ಲಿ ತೆರೆದಾಗ ಅಲ್ಲಿ ಆಡುವ ತಂಡದ ಮಾಲೀಕ ಆರ್ಥರ್ ಬ್ಲ್ಯಾಂಕ್ ಈ ಲೆಕ್ಕವನ್ನೇ ಬುಡಮೇಲು ಮಾಡಿದರು. ಹಾಟ್‌ಡಾಗ್ 2 ಡಾಲರ್, ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳುವ ಸೋಡಾ 2 ಡಾಲರ್. ಬೆಲೆ ಹಳೆಯ ಸ್ಟೇಡಿಯಂಗಿಂತ ಸುಮಾರು ಅರ್ಧ. ಒಬ್ಬೊಬ್ಬ ಪ್ರೇಕ್ಷಕ ಮಾಡಿದ ಖರ್ಚು ಮಾತ್ರ ಹಿಂದಿನ ವರ್ಷಕ್ಕಿಂತ ಶೇ 16 ಹೆಚ್ಚಾಯಿತು. ಇದು ವೃತ್ತಿಪರ ತಂಡದ ಮನೆ ಹೌದು, ಆದರೆ ಎಸ್‌ಇಸಿ ಕಾಲೇಜುಗಳ ಫೈನಲ್ ನಡೆಯುವುದೂ ಇಲ್ಲೇ. ಹೊರಗೇ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದವರು ಬೇಗ ಒಳಗೆ ಬರತೊಡಗಿದರೆ ಗೇಟಿನ ನೂಕುನುಗ್ಗಲೂ ತಗ್ಗುತ್ತದೆ.

ಇನ್ನು ಉಳಿದದ್ದು, ಒಳ್ಳೆಯ ಅನುಭವ ಕೊಡಲು ಕೋಟಿಗಟ್ಟಲೆ ಸುರಿಯಬೇಕು ಎಂಬ ಮಾತು. ಇದಕ್ಕೆ ಉತ್ತರ ಅಯೋವಾದಲ್ಲಿದೆ. ಅಯೋವಾ ವಿಶ್ವವಿದ್ಯಾಲಯದ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ 2017ರಲ್ಲಿ ಎತ್ತರದ ಮಕ್ಕಳ ಆಸ್ಪತ್ರೆಯೊಂದು ತೆರೆಯಿತು. ಅದರ ಮೇಲಿನ ಮಹಡಿಯ ಕಿಟಕಿಗಳಿಂದ ಮೈದಾನ ಪೂರ್ತಿ ಕಾಣುತ್ತದೆ. ಆಟದ ನಡುವೆ ಎಲ್ಲರೂ ತಿರುಗಿ ಆ ಮಕ್ಕಳಿಗೆ ಕೈ ಬೀಸಿದರೆ ಹೇಗೆ ಎಂದು ಹೇಳಿದ್ದು ಒಬ್ಬ ಅಭಿಮಾನಿ. ಮಾರ್ಕೆಟಿಂಗ್ ವಿಭಾಗದವರಲ್ಲ. ಆ ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲೇ ಶುರುವಾಯಿತು, ಇಂದಿಗೂ ನಡೆದಿದೆ.

ಮೊದಲ ಕ್ವಾರ್ಟರ್ ಮುಗಿಯುತ್ತದೆ. ಸುಮಾರು ಎಪ್ಪತ್ತು ಸಾವಿರ ಜನ ಮೈದಾನಕ್ಕೆ ಬೆನ್ನು ಹಾಕಿ, ಕತ್ತೆತ್ತಿ ಗಾಜಿನ ಕಟ್ಟಡದತ್ತ ಕೈ ಬೀಸುತ್ತಾರೆ. ಎದುರಾಳಿ ಆಟಗಾರರು, ರೆಫ್ರಿಗಳು, ಎರಡೂ ಕಡೆಯ ಕೋಚ್‌ಗಳು ಎಲ್ಲರೂ. ರಾತ್ರಿ ಪಂದ್ಯವಾದರೆ ಕೈಯಲ್ಲಿ ಮೊಬೈಲ್ ದೀಪ. ಮೇಲೆ ಡ್ರಿಪ್ ಸ್ಟ್ಯಾಂಡ್ ಪಕ್ಕದಲ್ಲಿ ನಿಂತ ಪುಟ್ಟ ಕೈಗಳು ಗಾಜಿನ ಹಿಂದಿನಿಂದ ಉತ್ತರ ಕೊಡುತ್ತವೆ. ಆ ಹೊತ್ತಿಗೆ ಯಾವ ಹಾಡು ಹಾಕಬೇಕು ಎಂದು ಈಗ ತೀರ್ಮಾನಿಸುವುದು ಆ ವಾರ ‘ಕಿಡ್ ಕ್ಯಾಪ್ಟನ್’ ಆಗಿ ಆಯ್ಕೆಯಾದ, ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಮಗು.