ಮೀನಿನ ಹೇನು, ಮೆಟ್ಟೂರಿನ ನೀರು

ಬಲೆಯಿಂದ ಆಗಷ್ಟೇ ಬಿಡಿಸಿದ ಕಾಟ್ಲಾ ಮೀನಿನ ಈಜುರೆಕ್ಕೆಯ ಬುಡದಲ್ಲಿ ಬೆರಳಾಡಿಸಿದರೆ ಒಮ್ಮೊಮ್ಮೆ ಒಂದು ಹುರುಪೆ ಜರುಗುತ್ತದೆ. ಜರುಗುವ ಹುರುಪೆ ಅಂದರೆ ಹೇನು. ಅರ್ಧ ಸೆಂಟಿಮೀಟರಿನಷ್ಟು ಅಗಲದ ಚಪ್ಪಟೆ ದುಂಡು ಮೈ, ಆಚೆ ಬದಿ ಕಾಣುವಷ್ಟು ತೆಳು. ಮುಂದೆ ಎರಡು ಕಪ್ಪು ಕಣ್ಣು. ಮಗುಚಿ ಹಾಕಿ ಭೂತಗನ್ನಡಿ ಹಿಡಿದರೆ ಹೊಟ್ಟೆಯ ಕಡೆ ಎರಡು ಹೀರುಬಟ್ಟಲು, ಅವುಗಳ ನಡುವೆ ಒಂದು ಮುಳ್ಳು. ಬಟ್ಟಲುಗಳಿಂದ ಕಚ್ಚಿಕೊಂಡು, ಮುಳ್ಳಿನಿಂದ ಚುಚ್ಚಿ, ರಕ್ತ ಹೀರುತ್ತದೆ. ಸಾಕೆನಿಸಿದಾಗ ನಾಲ್ಕು ಜೊತೆ ಕಾಲು ಬಡಿಯುತ್ತ ಈಜಿ ಪಕ್ಕದ ಮೀನಿಗೆ ಹತ್ತುತ್ತದೆ. ಇದರ ಹೆಸರು ಆರ್ಗುಲಸ್. ನಮ್ಮ ಗೆಂಡೆ ಮೀನಿನ ಕೊಳಗಳಲ್ಲಿ ಹೆಚ್ಚಾಗಿ ಕಾಣುವುದು ಆರ್ಗುಲಸ್ ಸಿಯಾಮೆನ್ಸಿಸ್ ಎಂಬ ಜಾತಿ.

ಹೇನು ಕಚ್ಚಿದ್ದಕ್ಕೇ ದೊಡ್ಡ ಮೀನು ಸಾಯುವುದು ಕಡಿಮೆ. ನವೆ ತಾಳಲಾರದೆ ಅದು ಕಲ್ಲಿಗೆ, ಕಂಬಕ್ಕೆ ಮೈ ಉಜ್ಜುತ್ತದೆ. ಲೋಳೆ ಪದರ ಹರಿಯುತ್ತದೆ. ಆ ಗಾಯಕ್ಕೆ ನೀರಿನಲ್ಲಿ ಯಾವಾಗಲೂ ಇರುವ ಏರೋಮೊನಾಸ್ ಬ್ಯಾಕ್ಟೀರಿಯಾ ಇಳಿಯುತ್ತದೆ. ಮೇವು ಬಿಟ್ಟ ಮೀನು ತೂಕ ಬಿಡುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಈ ಒಂದು ಪರಾವಲಂಬಿಯಿಂದ ಗೆಂಡೆ ಸಾಕುವವರಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 29,500 ರೂಪಾಯಿ ನಷ್ಟ. ಇಷ್ಟು ದುಡ್ಡು ನೀರು ಪಾಲಾಗುತ್ತಿರುವಾಗ ಔಷಧದ ಅಂಗಡಿಗೆ ಓಡಬೇಡ ಎಂದು ಯಾರಿಗೂ ಹೇಳಲಾಗದು. ಆದರೂ ಸೇಲಂ, ಧರ್ಮಪುರಿ ಜಿಲ್ಲೆಗಳ ಕೆರೆ, ಕೃಷಿಹೊಂಡ, ಜಲಾಶಯಗಳ ವಿಷಯದಲ್ಲಿ ನನಗೆ ಹೇನಿಗಿಂತ ಹೇನಿನ ಮದ್ದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಕಾರಣ ಜೀವಶಾಸ್ತ್ರದಲ್ಲಿದೆ. ಹೇನು ಎಂದು ಕರೆದರೂ ಇದು ತಲೆಹೇನಿನ ನೆಂಟ ಅಲ್ಲ. ಸಿಗಡಿ, ಏಡಿಗಳ ಕುಲದ ಕಠಿಣಚರ್ಮಿ. ಮೀನಿನ ಮಾಂಸದೊಳಗೆ ತಲೆ ಹೂತು ದಾರದ ತುಂಡಿನ ಹಾಗೆ ನೇತಾಡುವ ಲಂಗರು ಹುಳು ಲರ್ನಿಯಾ ಕೂಡ ಅದೇ ಕುಲದ್ದು. ಮರಿಮೀನುಗಳು ತಿಂದು ಬೆಳೆಯುವ ನೀರುಚಿಗಟಗಳೂ ಅದೇ ಕುಲದವು. ಹೇನನ್ನು ಕೊಲ್ಲುವ ಮದ್ದು ಇವುಗಳಲ್ಲಿ ಯಾವುದನ್ನೂ ಬಿಡುವುದಿಲ್ಲ.

ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರಿಗೆ ಈ ಪಾಠ ಗೊತ್ತು. ಸಮುದ್ರದ ಮೀನಿಗೆ ಬರುವ ಬಿಳಿ ಚುಕ್ಕೆ ರೋಗಕ್ಕೆ ತಾಮ್ರ ಬಹಳ ಹಳೆಯ, ಪಳಗಿದ ಔಷಧ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ವಾರಗಟ್ಟಲೆ ಕಾಪಾಡಿಕೊಂಡರೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಸಾಯುತ್ತದೆ. ಅದೇ ತಾಮ್ರ ಹವಳವನ್ನೂ ಸಿಗಡಿಯನ್ನೂ ಶಂಖದ ಹುಳವನ್ನೂ ಮುಗಿಸುತ್ತದೆ. ಹಾಗಾಗಿ ಅರಿತವರು ಹವಳವಿರುವ ತೊಟ್ಟಿಗೆ ಒಂದು ಹನಿಯನ್ನೂ ಹಾಕುವುದಿಲ್ಲ. ಮೀನನ್ನೇ ಹಿಡಿದು ಬರಿಯ ಗಾಜಿನ ಬೇರೊಂದು ತೊಟ್ಟಿಗೆ ಬಿಡುತ್ತಾರೆ, ಅಲ್ಲಿ ಚಿಕಿತ್ಸೆ ಕೊಡುತ್ತಾರೆ. ಹವಳದ ತೊಟ್ಟಿಯನ್ನು ಆರೇಳು ವಾರಕ್ಕೂ ಮಿಕ್ಕಿ ಮೀನಿಲ್ಲದೆ ಬಿಟ್ಟು ಪರಾವಲಂಬಿಯನ್ನು ಉಪವಾಸ ಕೆಡವುತ್ತಾರೆ. ಇನ್ನೂರು ಲೀಟರಿನ ತೊಟ್ಟಿಗೆ ಇಷ್ಟು ಎಚ್ಚರ. ಎಕರೆಗಟ್ಟಲೆ ಕೆರೆಗೆ ಮಾತ್ರ ಬಕೆಟ್ಟಿನಲ್ಲಿ ಕದಡಿ ಎರಚಿಬಿಡುವುದು.

ಧರ್ಮಪುರಿಯ ನೀರು ಇದಕ್ಕೊಂದು ತೊಡಕು ಸೇರಿಸುತ್ತದೆ. ಅಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಷ್ಟಿತ್ತೆಂದರೆ ಹೊಗೇನಕಲ್‌ನಿಂದ ಕಾವೇರಿ ನೀರನ್ನೇ ಎರಡು ಜಿಲ್ಲೆಗಳಿಗೆ ಹರಿಸುವ ಯೋಜನೆಯನ್ನು ಜಪಾನಿನ ಸಾಲ ತಂದು ಮಾಡಬೇಕಾಯಿತು; ಅದು 2013ರಲ್ಲಿ ಶುರುವಾಯಿತು. ಫ್ಲೋರೈಡ್ ಸುದ್ದಿಯ ಗದ್ದಲದಲ್ಲಿ ಮರೆಯಾದದ್ದು ಆ ನೀರಿನ ಗಡಸುತನ ಮತ್ತು ಕ್ಷಾರೀಯತೆ. ಕ್ಷಾರೀಯ ನೀರಿಗೆ ಹಾಕಿದ ತಾಮ್ರ ಬಹುಪಾಲು ಗಸಿಯಾಗಿ ತಳಕ್ಕಿಳಿಯುತ್ತದೆ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಪ್ರಮಾಣಕ್ಕೆ ಮೀನು ಸಾಕಣೆಯಲ್ಲಿ ಒಂದು ಹಳೆಯ ಸೂತ್ರವೇ ಇದೆ: ನೀರಿನ ಒಟ್ಟು ಕ್ಷಾರೀಯತೆಯನ್ನು ನೂರರಿಂದ ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ, ಲೀಟರಿಗೆ. ಕ್ಷಾರೀಯತೆ 100 ಇದ್ದಲ್ಲಿ 1 ಮಿಲಿಗ್ರಾಂ, 300 ಇದ್ದಲ್ಲಿ 3. ಐವತ್ತಕ್ಕಿಂತ ಕಡಿಮೆಯಿದ್ದರೆ ಮುಟ್ಟಲೇಬಾರದು. ಬಾಟಲಿಯ ಮೇಲಿನ ಅಳತೆ ನೋಡಿ ಹಾಕಿದವರಿಗೆ ಗಡಸು ನೀರಿನಲ್ಲಿ ಗುಣ ಕಾಣುವುದಿಲ್ಲ, ಎರಡು ಪಟ್ಟು ಹಾಕುತ್ತಾರೆ, ಮೂರು ಪಟ್ಟು ಹಾಕುತ್ತಾರೆ. ಆಮೇಲೆ ಒಂದು ಜೋರು ಮಳೆ ಬಂದು ಕೆರೆಗೆ ಮೆತ್ತನೆಯ ಹೊಸ ನೀರು ಸೇರಿದರೆ ಅದುವರೆಗೆ ಸೈರಿಸಿದ್ದ ಅದೇ ಅಳತೆ ಮೀನಿಗೆ ವಿಷವಾಗುತ್ತದೆ.

ತಾಮ್ರವನ್ನು ದೂರವಿಟ್ಟು ಜನ ಈಗ ಹಿಡಿದಿರುವುದು ಹೊಲದ ಕೀಟನಾಶಕಗಳನ್ನು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳು ಹತ್ತಿಗೆ, ತರಕಾರಿಗೆ ಹೊಡೆಯುವ ಪೈರೆಥ್ರಾಯ್ಡ್‌ಗಳು. ಅಗ್ಗ, ಹೇನು ಒಂದೇ ದಿನದಲ್ಲಿ ಉದುರುತ್ತದೆ. ದೇಶದ ಗೆಂಡೆ ಕೊಳಗಳಲ್ಲಿ ಇವುಗಳ ಬಳಕೆ ಹೊಸದಲ್ಲ. ನೀರುಚಿಗಟಗಳು ಸೈಪರ್‌ಮೆಥ್ರಿನ್‌ಗೆ ಲೀಟರಿಗೆ ಒಂದು ಮೈಕ್ರೋಗ್ರಾಂ ಮುಟ್ಟುವ ಮೊದಲೇ ಸಾಯುತ್ತವೆ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಗೆಂಡೆ ಮರಿಗಳಿಗೂ ಅದರ ಕೆಲವೇ ಪಟ್ಟು ಸಾಕು. ಕೈ ತಪ್ಪಲು ಅಂತರವೇ ಇಲ್ಲ.

ಮುಂದಿನದು ಸರಪಳಿ. ನೀರುಚಿಗಟಗಳು ಪಾಚಿಯನ್ನು ಮೇಯುವ ಜೀವಿಗಳು. ಅವು ಸತ್ತರೆ ಪಾಚಿಗೆ ಹೇಳುವವರು ಕೇಳುವವರು ಇಲ್ಲ. ಹಸಿರುಗಟ್ಟಿದ ನೀರು ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಿಎಚ್ 9 ದಾಟುತ್ತದೆ. ಮೀನಿನ ಕಿವಿರಿನಿಂದ, ಕೊಳೆತ ಮೇವಿನಿಂದ ಬರುವ ಅಮೋನಿಯಾಕ್ಕೆ ಎರಡು ರೂಪ: ಒಂದು ಹೆಚ್ಚು ಕಾಡದ್ದು, ಇನ್ನೊಂದು ಕಿವಿರು ದಾಟಿ ರಕ್ತಕ್ಕೆ ನುಗ್ಗುವ ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ವಿಷರೂಪದ ಪಾಲು ಶೇ. 0.6, ಪಿಎಚ್ 8ಕ್ಕೆ ಶೇ. 5ರ ಮೇಲೆ, ಪಿಎಚ್ 9ಕ್ಕೆ ಶೇ. 36. ನೀರು 30 ಡಿಗ್ರಿಗೆ ಕಾದರೆ ಅದು ಶೇ. 45ರ ಹತ್ತಿರ. ಅಮೋನಿಯಾ ಒಂದಿಷ್ಟೂ ಹೆಚ್ಚಾಗದೆ ವಿಷ ಮಾತ್ರ ಅರುವತ್ತು ಎಪ್ಪತ್ತು ಪಟ್ಟಾಯಿತು. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ. ಬಿಸಿ ನೀರಿನಲ್ಲಿ ಅದು ಇರುವುದೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಕರಗಬಲ್ಲದು, 30ರಲ್ಲಿ 7.5 ಮಾತ್ರ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಹೀಗೆ ಬಸವಳಿದ ಮೈಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಉಳಿದ ಹೇನುಗಳಿಗೆ ಹಬ್ಬ. ರೈತ ಮತ್ತೆ ಅಂಗಡಿಗೆ ಹೋಗುತ್ತಾನೆ.

ಉಳಿದ ಹೇನುಗಳು ಎಂದೆ. ಅವೇ ಮುಂದಿನ ಗಂಡಾಂತರ. ನಾರ್ವೆ, ಸ್ಕಾಟ್ಲೆಂಡ್, ಚಿಲಿ ದೇಶಗಳ ಸಾಲ್ಮನ್ ಸಾಕಣೆಯಲ್ಲಿ ಕಾಡುವ ಹೇನೂ ಕಠಿಣಚರ್ಮಿಯೇ. ಅಲ್ಲಿ ಮೊದಲು ಆರ್ಗನೋಫಾಸ್ಫೇಟ್ ಹಾಕಿದರು, ಆಮೇಲೆ ಪೈರೆಥ್ರಾಯ್ಡ್, ಆಮೇಲೆ ಮೇವಿನಲ್ಲಿ ಎಮಮೆಕ್ಟಿನ್. ಒಂದೊಂದಕ್ಕೂ ಹೇನು ಒಗ್ಗಿಕೊಂಡಿತು. ಕೊನೆಗೆ ಹೇನು ತಿನ್ನುವ ಮೀನು, ಬೆಚ್ಚನೆಯ ನೀರಿನ ಸ್ನಾನ, ಲೇಸರ್ ಕಿರಣದವರೆಗೆ ಹೋಗಬೇಕಾಯಿತು. ಅವರ ಬಳಿ ದುಡ್ಡಿತ್ತು. ನಾವು ಹಾಕುತ್ತಿರುವುದು ಅವೇ ಮದ್ದುಗಳನ್ನು, ಹೆಚ್ಚುಕಡಿಮೆ ಅದೇ ಸರದಿಯಲ್ಲಿ.

ಮಾದಪ್ಪನ ಬೆಟ್ಟದಿಂದ ಪಾಲಾರ್ ದಾಟಿ ಇಳಿದವರಿಗೆ ಕಾಣುವ ಆ ವಿಶಾಲ ಹಿನ್ನೀರು ಈ ಕತೆಯೊಳಗೆ ಬರುವುದು ಇಲ್ಲಿ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಸ್ಟ್ಯಾನ್ಲಿ ಜಲಾಶಯದ ಪೂರ್ಣ ಮಟ್ಟ 120 ಅಡಿ, ಸಂಗ್ರಹ 93.47 ಟಿಎಂಸಿ. ಧರ್ಮಪುರಿ ಜಿಲ್ಲೆಯ ಚಿನ್ನಾರ್, ನಾಗಾವತಿ, ತೊಪ್ಪೈಯಾರ್ ಹೊಳೆಗಳ ನೀರೆಲ್ಲ ಸೇರುವುದು ಕಾವೇರಿಯ ಈ ಪಾತ್ರಕ್ಕೇ. ಪೆನ್ನಾಗರಂ ಕಡೆಯ ಕೆರೆಗೆ ಹಾಕಿದ್ದು ಕೋಡಿ ಬಿದ್ದ ದಿನ ಈ ದಾರಿ ಹಿಡಿಯುತ್ತದೆ. ಸೇಲಂ ನಗರ ಕುಡಿಯುವುದೂ ಮೆಟ್ಟೂರಿನ ನೀರನ್ನೇ.

ತುಂಬಿದ ಜಲಾಶಯದಲ್ಲಿ ಇದೆಲ್ಲ ತೆಳುವಾಗಿ ಕರಗಿಹೋದೀತು ಎಂದು ವಾದಿಸಬಹುದು. ತುಂಬಿದ್ದರೆ ತಾನೆ! 2023ರ ಅಕ್ಟೋಬರ್‌ನಲ್ಲಿ ಮಟ್ಟ 30 ಅಡಿಯ ಆಸುಪಾಸಿಗೆ ಕುಸಿದು, ಉಳಿದದ್ದು ಎಂಟು ಟಿಎಂಸಿಯ ಹತ್ತಿರ. ಪೂರ್ಣ ಸಂಗ್ರಹದ ಹತ್ತನೆಯ ಒಂದು ಪಾಲೂ ಇಲ್ಲ. ಪನ್ನವಾಡಿಯ ಬಳಿ ಮುಳುಗಿದ್ದ ಹಳೆಯ ನಂದಿ, ಇಗರ್ಜಿಯ ಗೋಪುರ ಕಾಣಿಸಿಕೊಂಡರೆ ಜನ ನೋಡಲು ಹೋಗುತ್ತಾರೆ. ಇದ್ದಬದ್ದ ಮೀನೆಲ್ಲ ಆ ಹೊಂಡಕ್ಕೆ ಒತ್ತರಿಸಿಕೊಂಡಿರುವುದನ್ನು ಯಾರೂ ನೋಡುವುದಿಲ್ಲ. ಮೀನು ಒತ್ತೊತ್ತಾದಷ್ಟೂ ಹೇನಿಗೆ ದಾಟುವ ದೂರ ಕಡಿಮೆ. ಮರುವರ್ಷ ಜುಲೈ 30ಕ್ಕೆ ಅದೇ ಜಲಾಶಯ 120 ಅಡಿ ತುಂಬಿತು. ನೀರು ಇಳಿದಾಗ ಬಯಲಾದ ಮಣ್ಣಿನಲ್ಲಿ ರಾಗಿ, ಜೋಳ, ಶೇಂಗಾ ಬೆಳೆಯುವುದು ಅಲ್ಲಿ ಹಳೆಯ ರೂಢಿ. ಗೊಬ್ಬರ ಬಿದ್ದ ಆ ನೆಲ, ಕೊಯ್ಯದೆ ಉಳಿದ ಕೂಳೆ, ಎಲ್ಲ ಏರುವ ನೀರಿನಡಿ ಕೊಳೆಯುತ್ತವೆ. ಹಿನ್ನೀರಿನಲ್ಲಿ ಹಸಿರು ಪದರ ಕಟ್ಟಿ ದುರ್ವಾಸನೆ ಹೊಡೆದು, ಅದನ್ನು ಅಡಗಿಸಲು ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿದ್ದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ನಡೆದಿದೆ. ವಾಸನೆಗೆ ಸಿಂಪಡಣೆ, ಹೇನಿಗೆ ಎರಚಣೆ! ಇಂಥ ಪದರದಲ್ಲಿ ಮೈಕ್ರೋಸಿಸ್ಟಿಸ್ ಜಾತಿಯ ನೀಲಿ-ಹಸಿರು ಪಾಚಿ ಸೇರಿದರೆ ಅದು ಯಕೃತ್ತಿಗೆ ಎರವಾಗುವ ವಿಷ ಬಿಡಬಲ್ಲದು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ ಒಂದು ಮೈಕ್ರೋಗ್ರಾಂ. ಕುದಿಸಿದರೆ ಅದು ಹೋಗುವುದಿಲ್ಲ.

ಸೇಲಂ ಸೀಮೆಯ ಸಾಬೂದಾನಿ ಕಾರ್ಖಾನೆಗಳ ಗಂಜಿ ನೀರು, ನಗರದ ಕೊಳಚೆ ಹೊತ್ತ ತಿರುಮಣಿಮುತ್ತಾರು, ಇವು ಬೇರೆಯೇ ಲೇಖನದ ವಸ್ತು. ಮರಗೆಣಸು ತೊಳೆದ ನೀರು ಹುಳಿಯಾಗಿರುತ್ತದೆ, ಆಮ್ಲಜನಕ ನುಂಗುತ್ತದೆ, ಅದು ಸೇರಿದ ಕೆರೆಯಲ್ಲಿ ಮೀನಿಗೆ ಮದ್ದು ಹಾಕುವುದು ಹಣ ಚೆಲ್ಲಿದ ಹಾಗೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ರೋಗ ಬರುವ ದಾರಿಯ ಬಗ್ಗೆ ಎರಡು ಮಾತು ಬೇಕು. ಕೊಳತ್ತೂರು ಎಂಬ ಊರು ತಮಿಳುನಾಡಿನಲ್ಲಿ ಒಂದಲ್ಲ. ಚೆನ್ನೈಯ ಕೊಳತ್ತೂರು ಅಲಂಕಾರ ಮೀನಿನ ದೊಡ್ಡ ಪೇಟೆ. ಇನ್ನೊಂದು ಕೊಳತ್ತೂರು ಇರುವುದು ಮೆಟ್ಟೂರು ಹಿನ್ನೀರಿನ ಮಗ್ಗುಲಲ್ಲೇ. ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಕಟ್ಟಿದ ಮೀನಿಗೆ ಈ ಎರಡರ ನಡುವಿನ ದೂರ ಒಂದು ರಾತ್ರಿಯ ಬಸ್ಸು. ತೊಟ್ಟಿಯ ಗಾಜು ಉಜ್ಜಿ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಬೆಳೆದು ತೊಟ್ಟಿಗೆ ಹಿಡಿಸದಾದಾಗ ಕೆರೆಗೆ ಎಸೆದರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೀರಿನಲ್ಲಿ ಅದು ಬಿಟ್ಟ ಡಿಎನ್‌ಎ ಹುಡುಕುತ್ತ ಹೋಗಿ ಪೂರ್ವ ಘಟ್ಟದ ಶೇ. 60ರಷ್ಟು ಜಲಮೂಲಗಳಲ್ಲಿ ಅದನ್ನು ಪತ್ತೆ ಮಾಡಿದರು. ಸೇಲಂನ ಶೇರ್ವರಾಯನ್, ಧರ್ಮಪುರಿಯ ಚಿತ್ತೇರಿ ಬೆಟ್ಟಗಳೂ ಪೂರ್ವ ಘಟ್ಟವೇ. ಮೀನು ಬಂದ ದಾರಿಯಲ್ಲಿ ಹೇನಿನ ಮೊಟ್ಟೆಯೂ ಬರುತ್ತದೆ, ವೈರಸ್ಸೂ ಬರುತ್ತದೆ. ಚೀನಾ, ಥಾಯ್ಲೆಂಡ್‌ಗಳಲ್ಲಿ ಕಂಡಿದ್ದ ತಿಲಾಪಿಯಾ ಪಾರ್ವೊ ವೈರಸ್ 2023ರಲ್ಲಿ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯ ಸಾಕಣೆ ಕೊಳಗಳಲ್ಲಿ ಸಿಕ್ಕಿತು, ದೇಶದಲ್ಲಿ ಮೊದಲ ಸಲ. ಮೆಟ್ಟೂರಿನ ಬೆಸ್ತರ ಬಲೆಗೆ ಬೀಳುವ ಅಗ್ಗದ ಮೀನೇ ಜಿಲೇಬಿ, ಅಂದರೆ ತಿಲಾಪಿಯಾ. ವೈರಸ್ಸಿಗೆ ಯಾವ ಅಂಗಡಿಯಲ್ಲೂ ಮದ್ದಿಲ್ಲ.

ಹಾಗಾದರೆ ಹೇನು ಬಂದ ಕೆರೆಯವರು ಕೈಕಟ್ಟಿ ಕೂರಬೇಕೆ? ಬೇಡ. ಆರ್ಗುಲಸ್‌ನ ಬಾಳಿನಲ್ಲಿ ಒಂದು ಸಡಿಲು ಕೊಂಡಿ ಇದೆ. ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿ ಹೋಗಿ ಗಟ್ಟಿ ಮೈಯ ವಸ್ತುವಿನ ಮೇಲೆ ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಕಲ್ಲು, ಕಂಬ, ಬಿದಿರು ಯಾವುದಾದರೂ ಸರಿ. ಬೆಚ್ಚನೆಯ ನೀರಿನಲ್ಲಿ ಅವು ಒಡೆಯಲು ಎರಡು ಮೂರು ವಾರ. ಕೆರೆಯಲ್ಲಿ ಅಲ್ಲಲ್ಲಿ ಮರದ ಹಲಗೆ, ಬಿದಿರಿನ ತಟ್ಟಿ ಇಳಿಬಿಟ್ಟು ವಾರಕ್ಕೊಮ್ಮೆ ಮೇಲೆತ್ತಿ ಬಿಸಿಲಿಗೆ ಒಣಗಿಸಿದರೆ ಅಷ್ಟು ಪೀಳಿಗೆ ಅಲ್ಲೇ ಮುಗಿಯಿತು. ಸೇಲಂ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಹೊಸ ಮರಿ ತಂದಾಗ ನೇರ ಕೆರೆಗೆ ಬಿಡದೆ ಬೇರೆ ತೊಟ್ಟಿಯಲ್ಲಿ ಎರಡು ಮೂರು ವಾರ ಇಟ್ಟು, ಮೈ ನೋಡಿ ಆಮೇಲೆ ಬಿಡುವುದು. ಮದ್ದು ಕೊಡಲೇಬೇಕಾದರೂ ಆ ತೊಟ್ಟಿಯಲ್ಲಿ. ಬೆಳಗಿನ ಜಾವದ ಆಮ್ಲಜನಕ, ಮಧ್ಯಾಹ್ನದ ಪಿಎಚ್, ಎರಡನ್ನೂ ಅಳೆದ ಮೇಲೆಯೇ ರೋಗದ ಮಾತು. ಬಹಳ ಸಲ ಮೇವು ಅರ್ಧಕ್ಕಿಳಿಸಿ, ಮೀನಿನ ಸಂಖ್ಯೆ ತಗ್ಗಿಸಿದರೆ ಹೇನೂ ತಗ್ಗುತ್ತದೆ.

ಸರ್ಕಾರದ ಪಾಲಿಗೆ ಉಳಿಯುವ ಕೆಲಸ ದೊಡ್ಡದೇನಲ್ಲ. ಪೈರೆಥ್ರಾಯ್ಡ್‌ಗಳು ನೀರಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಕೆಸರಿಗೆ ಅಂಟಿಕೊಳ್ಳುತ್ತವೆ. ಬರಿಯ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಸ್ವಚ್ಛವಾಗಿಯೇ ಬರುತ್ತದೆ. ಮಟ್ಟ ಇಳಿದಿರುವ ಮಾರ್ಚ್, ಏಪ್ರಿಲ್‌ನಲ್ಲಿ, ತೊಪ್ಪೈಯಾರ್ ಮತ್ತು ನಾಗಾವತಿ ಬಂದು ಸೇರುವ ಜಾಗಗಳ ಕೆಸರು ತೆಗೆಯಬೇಕು. ಜೊತೆಗೆ ಸಣ್ಣ ಕಣ್ಣಿನ ಬಲೆ ಎಳೆದು, ಒಂದು ಲೀಟರಿಗೆ ಎಷ್ಟು ನೀರುಚಿಗಟ ಉಳಿದಿವೆ ಎಂದು ಎಣಿಸಬೇಕು.