ಶೂನ್ಯ ಟಿಕೆಟ್ಟಿನ ಲೆಕ್ಕ

ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ ಎಂದಾದ ಮೇಲೂ ಕಂಡಕ್ಟರ್ ಅವರ ಸೀಟಿನ ಬಳಿ ನಿಲ್ಲುತ್ತಾರೆ, ಎಲ್ಲಿಗಮ್ಮಾ ಎಂದು ಕೇಳುತ್ತಾರೆ, ಆಧಾರ್ ನೋಡುತ್ತಾರೆ, ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ. ದುಡ್ಡೇ ಇಲ್ಲದ ಮೇಲೆ ಟಿಕೆಟ್ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ಉಚಿತ ಎನ್ನುವ ಪ್ರಯಾಣಕ್ಕೂ ಒಂದು ಬೆಲೆ ಇದೆ, ಅದನ್ನು ಯಾರೋ ಒಬ್ಬರು ಕಟ್ಟಲೇಬೇಕು. ಆ ಬೆಲೆ ಬರೆದಿಡುವ ಜಾಗವೇ ಟಿಕೆಟ್.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಮ್ಮ ಬಸ್ಸು ‘ಸ್ಟೇಜ್ ಕ್ಯಾರೇಜ್’. ಅಂದರೆ ಒಬ್ಬೊಬ್ಬ ಪ್ರಯಾಣಿಕರಿಂದಲೂ ಬೇರೆಬೇರೆಯಾಗಿ, ಪೂರ್ತಿ ದಾರಿಗೋ ದಾರಿಯ ಒಂದು ತುಂಡಿಗೋ ದರ ಪಡೆದು ಸಾಗಿಸುವ ವಾಹನ. ಪಾಸಾಗಲಿ ಟಿಕೆಟ್ಟಾಗಲಿ ಇಲ್ಲದೆ ಅದರಲ್ಲಿ ಪ್ರಯಾಣಿಸಬಾರದು ಎನ್ನುತ್ತದೆ ಕಾಯ್ದೆಯ 124ನೇ ಕಲಂ. ತಪ್ಪಿದರೆ 500 ರೂಪಾಯಿವರೆಗೆ ದಂಡ ಎನ್ನುತ್ತದೆ 178ನೇ ಕಲಂ. ಇಷ್ಟು ಎಲ್ಲರಿಗೂ ಗೊತ್ತು. ಅದೇ 178ನೇ ಕಲಮಿನಲ್ಲಿ ಕಂಡಕ್ಟರಿಗೂ ದಂಡ ಇದೆ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದುಡ್ಡು ಪಡೆದು ಟಿಕೆಟ್ ಕೊಡದಿದ್ದರೆ, ಕಡಿಮೆ ಮೊತ್ತದ ಟಿಕೆಟ್ ಕೊಟ್ಟರೆ, ಕೊಡಲು ಬಂದ ದುಡ್ಡನ್ನು ಬೇಡವೆಂದರೆ ಅದು ಅವರ ತಪ್ಪು. ದಾರಿಯಲ್ಲಿ ಬಸ್ ಕೆಟ್ಟು ನಿಂತಾಗ ಹಿಂದಿನ ಬಸ್ಸಿಗೆ ಹತ್ತಿಸಿ ಕಳಿಸುವುದು ಕೈಯಲ್ಲಿರುವ ಆ ಚೀಟಿಯ ಆಧಾರದ ಮೇಲೆಯೇ. ಕೆಎಸ್‌ಆರ್‌ಟಿಸಿ ತನ್ನ ಅಪಘಾತ ಪರಿಹಾರ ನಿಧಿಯಿಂದ ಮೃತ ಪ್ರಯಾಣಿಕರ ಕುಟುಂಬಕ್ಕೆ ಕೊಡುವ ಮೊತ್ತವನ್ನು 2024ರ ಜನವರಿಯಿಂದ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಅಂಥ ಕೆಟ್ಟ ಗಳಿಗೆಯಲ್ಲಿ, ಇವರು ಈ ಬಸ್ಸಿನಲ್ಲಿದ್ದರು ಎಂದು ಸಾಕ್ಷಿ ಹೇಳುವುದೂ ಟಿಕೆಟ್ಟೇ.

ಇನ್ನು ದರದ ವಿಚಾರ. ಹಿಂದೆ ಬಣ್ಣಬಣ್ಣದ ಟಿಕೆಟ್ ಕಟ್ಟುಗಳಿದ್ದಾಗ ಕಂಡಕ್ಟರ್ ಸ್ಟೇಜ್ ನಂಬರಿನ ಮೇಲೆ ಪಂಚ್ ಒತ್ತಿ ತೂತು ಮಾಡಿ ಕೊಡುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆಯುತ್ತಿದ್ದರು. ಈಗ ಯಂತ್ರ ಬಂದಿದೆ, ಯುಪಿಐ ಬಂದಿದೆ. ಆದರೂ ಲೆಕ್ಕದ ಬುಡದಲ್ಲಿ ಇರುವುದು ಅದೇ ಸ್ಟೇಜ್. ಬೆಂಗಳೂರಿನ ಬಿಎಂಟಿಸಿ ಸಾದಾ ಬಸ್ಸಿನಲ್ಲಿ ಒಂದು ಸ್ಟೇಜ್ ಎಂದರೆ 2 ಕಿಲೋಮೀಟರ್. 2025ರ ಜನವರಿ 5ರ ಏರಿಕೆಯಾದ ಮೇಲೆ ಮೊದಲ ಸ್ಟೇಜಿಗೆ 6 ರೂಪಾಯಿ, ಎರಡನೆಯದಕ್ಕೆ 12. ಮೊದಲ ಸ್ಟೇಜಿನ ಗೆರೆ ದಾಟಿ ಒಂದೇ ಒಂದು ನಿಲ್ದಾಣ ಆಚೆ ಇಳಿದರೂ ದರ ಎರಡರಷ್ಟಾಗುತ್ತದೆ. ನೇರ ಬಸ್ ಇಲ್ಲದೆ ನಡುವೆ ಇಳಿದು ಇನ್ನೊಂದು ಹತ್ತುವವರು ಮತ್ತೆ ಮೊದಲ ಸ್ಟೇಜಿನಿಂದಲೇ ಕೊಡಬೇಕು. ಬಸ್ ಬದಲಿಸಬೇಕಾಗಿ ಬಂದದ್ದು ಮಾರ್ಗ ಹಾಗಿರುವುದರಿಂದ, ಅದರ ಹೊರೆ ಮಾತ್ರ ಪ್ರಯಾಣಿಕರ ಮೇಲೆ.

ಈ ದರವನ್ನು ನಿಗಮ ತನ್ನಿಷ್ಟಕ್ಕೆ ಏರಿಸುವಂತಿಲ್ಲ. ಬಸ್ ದರದ ಬಗ್ಗೆ ನಿರ್ದೇಶನ ಕೊಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನಡಿ ರಾಜ್ಯ ಸರ್ಕಾರದ್ದು. ಹಾಗಾಗಿ ದರ ಏರುವುದು ಖರ್ಚು ಏರಿದಾಗಲ್ಲ, ಸರ್ಕಾರ ಮನಸ್ಸು ಮಾಡಿದಾಗ. 2025ರಲ್ಲಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ದರ ಶೇ 15ರಷ್ಟು ಏರಿತು. ಬಿಎಂಟಿಸಿಯ ದರ ಅದಕ್ಕೆ ಮೊದಲು ಪರಿಷ್ಕರಣೆಯಾದದ್ದು 2015ರಲ್ಲಿ, ಉಳಿದ ಮೂರು ನಿಗಮಗಳದ್ದು 2020ರಲ್ಲಿ. ಹತ್ತು ವರ್ಷ ದರ ಏರದಿದ್ದರೆ ಬಡವರ ಜೇಬು ಉಳಿಯಿತು ಎನಿಸುತ್ತದೆ. ನಾನು ಹಾಗೆ ನೋಡುವುದಿಲ್ಲ. ಡೀಸೆಲ್, ಸಂಬಳ, ಬಿಡಿಭಾಗ ಯಾವುದೂ ಆ ಹತ್ತು ವರ್ಷ ಸುಮ್ಮನಿರಲಿಲ್ಲ. ತುಂಬಿ ಬರದ ಖರ್ಚು ಹಳೆಯ ಬಸ್ಸಾಗಿ, ಕಡಿಮೆಯಾದ ಟ್ರಿಪ್ಪಾಗಿ ಪ್ರಯಾಣಿಕರ ಮೇಲೇ ಬೀಳುತ್ತದೆ, ಆಮೇಲೆ ಒಮ್ಮೆಲೇ ಏರಿಕೆಯಾಗಿ ಇನ್ನೊಮ್ಮೆ ಬೀಳುತ್ತದೆ. ನಮ್ಮ ಮೆಟ್ರೋದಲ್ಲಿ ದರ ನಿಗದಿ ಸಮಿತಿಯೊಂದು ಕೂತು ದರ ಹೇಳಬೇಕು, ಅದರ ಶಿಫಾರಸು ಮೆಟ್ರೋ ಆಡಳಿತವನ್ನು ಕಟ್ಟಿಹಾಕುತ್ತದೆ ಎಂದು 2002ರ ಮೆಟ್ರೋ ಕಾಯ್ದೆ ಹೇಳುತ್ತದೆ. ಸಮಿತಿ ಇದ್ದರೂ ಅಲ್ಲಿ ನಡೆದದ್ದು ಇದೇ. 2017ರ ನಂತರ 2025ರ ಫೆಬ್ರುವರಿಯಲ್ಲಿ ಮೊದಲ ಸಲ ದರ ಏರಿತು, ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿಯಿತು, ಕೆಲವು ನಿಲ್ದಾಣಗಳ ನಡುವೆ ಏರಿಕೆ ತೀರಾ ವಿಪರೀತವಾಗಿ, ಜನ ಸಿಟ್ಟಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ತಿದ್ದಬೇಕಾಯಿತು. ವರ್ಷಕ್ಕೊಮ್ಮೆ ಸಣ್ಣದಾಗಿ, ಮೊದಲೇ ತಿಳಿದ ಸೂತ್ರದಂತೆ ಏರುವ ದರವೇ ಪ್ರಯಾಣಿಕರಿಗೆ ನಿಜವಾದ ರಕ್ಷಣೆ.

ಪಾಸ್ ಕೂಡ ಒಂದು ಬಗೆಯ ರಕ್ಷಣೆ. ದಿನಕ್ಕೆ ಇಷ್ಟೇ, ತಿಂಗಳಿಗೆ ಇಷ್ಟೇ ಎಂದು ಅದು ಖರ್ಚಿಗೆ ಕಟ್ಟೆ ಹಾಕುತ್ತದೆ. 2025ರ ಏರಿಕೆಯಲ್ಲಿ ಬಿಎಂಟಿಸಿ ಸಾದಾ ಬಸ್ಸಿನ ದಿನದ ಪಾಸ್ 70ರಿಂದ 80ಕ್ಕೆ, ತಿಂಗಳ ಪಾಸ್ 1,050ರಿಂದ 1,200ಕ್ಕೆ ಹೋಯಿತು. ತಿಂಗಳ ಮೊದಲ ದಿನ 1,200 ರೂಪಾಯಿ ಒಟ್ಟಿಗೆ ತೆಗೆದಿಡಬಲ್ಲವರು ಸಂಬಳದವರು. ದಿನಗೂಲಿಯ ಗಂಡಸು ಆವತ್ತಿನ ಕೂಲಿಯಲ್ಲಿ ಆವತ್ತಿನ ಟಿಕೆಟ್ ಕೊಳ್ಳುತ್ತಾನೆ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಪಾಸಿನವರಿಗಿಂತ ಅವನೇ ಹೆಚ್ಚು ಕೊಟ್ಟಿರಬಹುದು. ಲಂಡನ್ನಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. 2003ರಲ್ಲಿ ಬಂದ ಆಯ್ಸ್ಟರ್ ಕಾರ್ಡಿಗೆ 2005ರಲ್ಲಿ ದಿನದ ಮಿತಿ ಸೇರಿಸಿದರು. ಕಾರ್ಡ್ ತಾಗಿಸುತ್ತ ಹೋದರೆ ಸಾಕು, ಆ ದಿನದ ಖರ್ಚು ಮಿತಿ ಮುಟ್ಟಿದ ಮೇಲೆ ಯಂತ್ರ ತಾನಾಗಿ ದುಡ್ಡು ಹಿಡಿಯುವುದನ್ನು ನಿಲ್ಲಿಸುತ್ತದೆ. ಮುಂಗಡ ಕಟ್ಟದೆಯೂ ಪಾಸಿನ ಲಾಭ ಸಿಕ್ಕಿತು. ಬಸ್ ಬದಲಿಸುವವರಿಗೆ 2016ರಿಂದ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ದರ ಇಲ್ಲ, 2018ರಿಂದ ಆ ಗಂಟೆಯೊಳಗೆ ಎಷ್ಟು ಬಸ್ ಹತ್ತಿದರೂ ಇಲ್ಲ. ನಮ್ಮಲ್ಲಿ ಕಾರ್ಡು, ಫೋನು, ಯಂತ್ರ ಎಲ್ಲ ಬಂದಿವೆ. ಈ ನಿಯಮವೊಂದು ಇನ್ನೂ ಬರಬೇಕು.

ಇಷ್ಟು ದರದ ಮಾತಾಯಿತು. ರಿಯಾಯಿತಿಯ ಪಟ್ಟಿ ನಮ್ಮಲ್ಲಿ ಉದ್ದವಿದೆ, ಹಳೆಯದೂ ಹೌದು. 6 ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ಶಾಲೆ–ಕಾಲೇಜಿನ ಮಕ್ಕಳಿಗೆ ರಿಯಾಯಿತಿ ಪಾಸ್. 60 ದಾಟಿದ ಕರ್ನಾಟಕದ ನಿವಾಸಿಗಳಿಗೆ ಶೇ 25 ಕಡಿಮೆ. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್‌ವರೆಗಿನ ಪಾಸ್, ಅಂಧರಿಗೆ ಉಚಿತ. ಸ್ವಾತಂತ್ರ್ಯ ಹೋರಾಟಗಾರರಿಗೂ ಉಚಿತ. ಇವುಗಳಲ್ಲಿ ವಿದ್ಯಾರ್ಥಿ ಪಾಸಿನಷ್ಟು ನಾಡನ್ನು ಬದಲಿಸಿದ್ದು ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿ ಬಂದು ಓದಿದ ಮೊದಲ ತಲೆಮಾರಿನ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಹಾಸ್ಟೆಲ್ ಇರಲಿಲ್ಲ. ಇದ್ದದ್ದು ಬೆಳಗಿನ ಬಸ್ಸು ಮತ್ತು ಆ ಪಾಸು.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ಪಟ್ಟಿಯನ್ನೇ ಬೇರೆ ಅಳತೆಗೆ ಒಯ್ದಿತು. ರಾಜ್ಯದ ನಿವಾಸಿಗಳಾದ ಎಲ್ಲ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ಸಾದಾ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಎಸಿ, ಸ್ಲೀಪರ್, ರಾಜಹಂಸದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯವಿಲ್ಲ. 2025ರ ಜುಲೈ ಹೊತ್ತಿಗೆ ಶೂನ್ಯ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಗಂಡನನ್ನೋ ಮಗನನ್ನೋ ಬಸ್ಸಿನ ದುಡ್ಡು ಕೇಳದೆ ತವರಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೊರಡುವ ಧೈರ್ಯ ಎಂಥದ್ದೆಂದು ಕೇಳಬೇಕಾದ್ದು ಆ ಹೆಂಗಸರನ್ನೇ. ನಾನು ಈ ಯೋಜನೆಯ ಪರ. ಪರವಾಗಿರುವುದರಿಂದಲೇ ಅದರ ಹಣದ ಲೆಕ್ಕ ಸರಿಯಿರಬೇಕೆಂದು ಬಯಸುತ್ತೇನೆ.

ಲೆಕ್ಕದ ತೊಡಕು ಕಾನೂನಿನಲ್ಲೇ ಇದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೇ ಕಲಂ ಜನರಿಗೆ ಸಾಕಷ್ಟು, ಸಮರ್ಥ ಸಾರಿಗೆ ಒದಗಿಸಬೇಕು ಎನ್ನುತ್ತದೆ. 22ನೇ ಕಲಂ ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. 34ನೇ ಕಲಂ ಸರ್ಕಾರ ಹೇಳಿದ್ದನ್ನು ನಿಗಮ ಕೇಳಬೇಕು ಎನ್ನುತ್ತದೆ. ಸರ್ಕಾರ ಇಂಥವರಿಗೆ ದುಡ್ಡು ಬೇಡ ಎಂದಾಗ ಮೂರೂ ಒಟ್ಟಿಗೆ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಬಿಟ್ಟ ದುಡ್ಡನ್ನು ಸರ್ಕಾರ ಹೊತ್ತಿಗೆ ಸರಿಯಾಗಿ ತುಂಬಿಕೊಡಬೇಕು.

ಎಷ್ಟು ತುಂಬಬೇಕು? ದೆಹಲಿಯಲ್ಲಿ 2019ರ ಅಕ್ಟೋಬರಿನಲ್ಲಿ ಮಹಿಳೆಯರಿಗೆ ಗುಲಾಬಿ ಟಿಕೆಟ್ ಬಂದಾಗ, ದೂರ ಎಷ್ಟೇ ಇರಲಿ, ಒಂದು ಟಿಕೆಟ್ಟಿಗೆ 10 ರೂಪಾಯಿ ಎಂದು ಲೆಕ್ಕ ಹಿಡಿದರು. ಕರ್ನಾಟಕದ ಲೆಕ್ಕ ಬೇರೆ. ಇಲ್ಲಿ ಮಹಿಳೆ ನಿಜವಾಗಿ ಪ್ರಯಾಣಿಸಿದ ದೂರಕ್ಕೆ ತಕ್ಕ ದರ. ಬೀದರಿನಿಂದ ಬೆಂಗಳೂರಿಗೆ ಬಂದವರದು ಒಂದು ಮೊತ್ತ, ಯಶವಂತಪುರದಿಂದ ಮೆಜೆಸ್ಟಿಕ್ಕಿಗೆ ಬಂದವರದು ಇನ್ನೊಂದು. ಇಂಗ್ಲೆಂಡಿನಲ್ಲಿ 2008ರ ಏಪ್ರಿಲಿನಿಂದ ಹಿರಿಯರಿಗೂ ಅಂಗವಿಕಲರಿಗೂ ದೇಶದುದ್ದಕ್ಕೂ ಸ್ಥಳೀಯ ಬಸ್ ಉಚಿತ, ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಯ ನಂತರ. ಅಲ್ಲಿನ ಸೂತ್ರ ಸೂಕ್ಷ್ಮವಾದದ್ದು: ಯೋಜನೆಯಿಂದ ಬಸ್ ನಡೆಸುವವರಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು. ಉಚಿತವಾದದ್ದರಿಂದಲೇ ಕೆಲವರು ಹೊಸದಾಗಿ ಬಸ್ ಹತ್ತುತ್ತಾರೆ. ಅವರು ಮೊದಲು ದುಡ್ಡು ಕೊಟ್ಟು ಬರುತ್ತಿರಲಿಲ್ಲ, ಆದ್ದರಿಂದ ಅವರ ಪೂರ್ತಿ ದರ ನಿಗಮ ಕಳೆದುಕೊಂಡ ಆದಾಯವಲ್ಲ. ಆದರೆ ಅವರನ್ನು ಸಾಗಿಸಲು ಹೆಚ್ಚಿನ ಖರ್ಚು ಬರುತ್ತದೆ. ಮೊದಲೂ ಬರುತ್ತಿದ್ದವರ ದರ, ಹೊಸಬರಿಂದಾದ ಖರ್ಚು, ಎರಡನ್ನೂ ಬೇರೆಬೇರೆ ಅಂದಾಜು ಮಾಡಿ ಕೂಡಿಸುತ್ತಾರೆ.

ನಮ್ಮದು ಅದಕ್ಕಿಂತ ಸರಳ, ನಿಗಮಗಳಿಗೆ ಉದಾರವೂ ಹೌದು. ಆದರೆ ಸೂತ್ರ ಉದಾರವಾಗಿದ್ದು ಹಣ ತಡವಾದರೆ ಪ್ರಯೋಜನ ಇಲ್ಲ. ಡೀಸೆಲ್ ಬಂಕಿನವರು ಸೂತ್ರವನ್ನು ಕೇಳುವುದಿಲ್ಲ. ನಿಗಮಗಳ ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲಬೇಕಾಯಿತು ಎಂಬುದನ್ನು ಓದಿದರೆ ಪರಿಸ್ಥಿತಿ ತಿಳಿಯುತ್ತದೆ. ಹಣ ತಡವಾದಷ್ಟೂ ಹೊಸ ಬಸ್ ತಡವಾಗುತ್ತದೆ, ಇರುವ ಬಸ್ಸಿನಲ್ಲಿ ನೂಕುನುಗ್ಗಲಾಗುತ್ತದೆ, ನಿಂತು ಬರುವ ಗಂಡಸು ಸೀಟಿನಲ್ಲಿರುವ ಹೆಂಗಸಿನ ಮೇಲೆ ಸಿಡುಕುತ್ತಾನೆ. ಆ ಸಿಡುಕು ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಹಣದ ಹೊಣೆ ಯಾರದ್ದೆಂದು ಗಟ್ಟಿಯಾಗಿ ಬರೆದಿಡದ ರಿಯಾಯಿತಿ ಏನಾಗುತ್ತದೆ ಎಂಬುದಕ್ಕೆ ರೈಲ್ವೆ ಉದಾಹರಣೆ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ರೈಲುಗಳು ಮತ್ತೆ ಓಡಿದವು, ರಿಯಾಯಿತಿ ಮಾತ್ರ ಹಿಂತಿರುಗಲಿಲ್ಲ. ಎಲ್ಲ ಪ್ರಯಾಣಿಕರ ದರದಲ್ಲೂ ಈಗಾಗಲೇ ಸಬ್ಸಿಡಿ ಇದೆ ಎಂಬುದು ಇಲಾಖೆಯ ಉತ್ತರ. ಅಂಗವಿಕಲರು, ಕೆಲವು ರೋಗಿಗಳು, ವಿದ್ಯಾರ್ಥಿಗಳಿಗೆ ಉಳಿದಿದೆ. ಒಂದು ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಯಿತು.

ಈಗ ದುಡ್ಡೇ ಇಲ್ಲದ ಮೇಲೆ ಟಿಕೆಟ್ ಯಾಕೆ ಎಂಬ ಮೊದಲಿನ ಪ್ರಶ್ನೆಗೆ ಬರೋಣ. ಶೂನ್ಯ ಟಿಕೆಟ್ಟಿನಲ್ಲಿ ಹತ್ತಿದ ಊರು, ಇಳಿಯುವ ಊರು ದಾಖಲಾಗದಿದ್ದರೆ ದೂರ ತಿಳಿಯುವುದಿಲ್ಲ, ದೂರ ತಿಳಿಯದಿದ್ದರೆ ನಿಗಮ ಸರ್ಕಾರದ ಮುಂದೆ ಇಡಲು ಲೆಕ್ಕವೇ ಇಲ್ಲ. ಹತ್ತದವರ ಹೆಸರಿನಲ್ಲಿ ಟಿಕೆಟ್ ಹರಿದರೆ ಖಜಾನೆಗೆ ಮೋಸ, ಹತ್ತಿದವರಿಗೆ ಹರಿಯದಿದ್ದರೆ ನಿಗಮಕ್ಕೆ ನಷ್ಟ. ಯಾವ ಮಾರ್ಗದಲ್ಲಿ, ಯಾವ ಹೊತ್ತಿಗೆ ಎಷ್ಟು ಜನ ಎಂಬುದೂ ಆ ಚೀಟಿಗಳಿಂದಲೇ ಗೊತ್ತಾಗುವುದು. ನಿಮ್ಮೂರಿಗೆ ಸಂಜೆ ಇನ್ನೊಂದು ಬಸ್ ಬೇಕೆಂದು ಡಿಪೋಗೆ ಅರ್ಜಿ ಕೊಟ್ಟರೆ ಅಲ್ಲಿ ತೆಗೆದು ನೋಡುವುದೂ ಅದನ್ನೇ. ಆದ್ದರಿಂದ ತಾಯಂದಿರೇ, ಅಕ್ಕತಂಗಿಯರೇ, ಗುರುತಿನ ಚೀಟಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಇಳಿಯುವ ನಿಲ್ದಾಣದ ಹೆಸರನ್ನೇ ಸರಿಯಾಗಿ ಹೇಳಿ, ಕಂಡಕ್ಟರ್ ಗದ್ದಲದಲ್ಲಿ ಮುಂದೆ ಹೋದರೆ ಕರೆದು ಟಿಕೆಟ್ ಕೇಳಿ ಪಡೆಯಿರಿ, ಇಳಿಯುವವರೆಗೆ ಎಸೆಯಬೇಡಿ.