ಹೊಳೆಯೊಳಗೆ ನಿಂತ ಕಲ್ಲುಕಂಬಗಳು

ಭರಚುಕ್ಕಿ ನೋಡಲು ಬರುವವರ ಕಾರುಗಳು ಶಿವನಸಮುದ್ರದ ಹಳೇ ಸೇತುವೆಯ ಬಳಿ ನಿಲ್ಲುವುದು ಅಪರೂಪ. ಜಲಪಾತ ನೋಡಬೇಕು, ಫೋಟೊ ತೆಗೆಯಬೇಕು, ಮಧ್ಯರಂಗನಿಗೆ ಕೈ ಮುಗಿಯಬೇಕು, ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು. ಈ ಅವಸರದಲ್ಲಿ ಕಾವೇರಿಯ ಬಂಡೆಗಳ ಮೇಲೆ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ನಾನು ಮಾತ್ರ ಈ ಸಲ ಜಲಪಾತವನ್ನು ಬಿಟ್ಟು ಆ ಕಂಬಗಳಿಗಾಗಿಯೇ ಹೋದೆ.

ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡಲು ನಮ್ಮ ಕೊಳ್ಳೇಗಾಲ, ಯಳಂದೂರಿನಿಂದಲೂ ಜನ ಹೋಗಿಬರುತ್ತಾರೆ. ಕಟ್ಟಿದವರು ಯಾವತ್ತೂ ಮುಖ ನೋಡದ ದಾರಿಹೋಕರಿಗಾಗಿ ನೀರಿನ ನಡುವೆ ನಿಲ್ಲಿಸಿದ ಕಟ್ಟಡ ಅದು. ಕಡಲಿಲ್ಲದ ನಮ್ಮ ಸೀಮೆಯಲ್ಲಿ ಅದೇ ಕೆಲಸ ಮಾಡಿದ್ದು ಈ ಸೇತುವೆ. ದೀಪಸ್ತಂಭಕ್ಕೆ ಇವತ್ತಿಗೂ ಕೆಲಸವಿದೆ, ನೋಡಿಕೊಳ್ಳುವವರಿದ್ದಾರೆ. ಹೊಸ ಸೇತುವೆ ಬಂದ ಮೇಲೆ ಹಳೆಯದರ ಕೆಲಸ ಹೋಯಿತು. ಕೆಲಸ ಹೋದ ಕಟ್ಟಡದ ಕಡೆ ಯಾರು ನೋಡುತ್ತಾರೆ?

ಶಿವನಸಮುದ್ರ ಒಂದು ದ್ವೀಪ. ಕಾವೇರಿ ಇಲ್ಲಿ ಎರಡು ಕವಲಾಗಿ ಹರಿದು, ಪಶ್ಚಿಮದಲ್ಲಿ ಗಗನಚುಕ್ಕಿಯಾಗಿ, ಪೂರ್ವದಲ್ಲಿ ಭರಚುಕ್ಕಿಯಾಗಿ ಧುಮುಕುತ್ತದೆ. ಹಾಗಾಗಿ ದ್ವೀಪಕ್ಕೆ ಹೋಗಲು ಒಂದು ಸೇತುವೆ ಬೇಕು, ಆಚೆ ದಡಕ್ಕೆ ಹೋಗಲು ಇನ್ನೊಂದು ಬೇಕು. ಹಳೇ ಕಾಗದಪತ್ರಗಳಲ್ಲಿ ಒಂದಕ್ಕೆ ವೆಲ್ಲೆಸ್ಲಿ ಸೇತುವೆ ಎಂದೂ ಇನ್ನೊಂದಕ್ಕೆ ಲುಷಿಂಗ್ಟನ್ ಸೇತುವೆ ಎಂದೂ ಹೆಸರು. ಜನರ ಬಾಯಲ್ಲಿ ಉಳಿದಿರುವುದು ‘ವೆಸ್ಲಿ ಸೇತುವೆ’.

ದ್ವೀಪದ ಹಳೇ ಕತೆ ದೊಡ್ಡದು. ಉಮ್ಮತ್ತೂರಿನ ಗಂಗರಾಜ ಇಲ್ಲಿ ಕೋಟೆ ಕಟ್ಟಿಕೊಂಡಿದ್ದ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲೇ ದಂಡೆತ್ತಿ ಬಂದು ಆ ಕೋಟೆ ಹಿಡಿದ. ಗಂಗರಾಜನ ವಂಶದ ಅರಸರು ಜಲಪಾತಕ್ಕೆ ಹಾರಿ ಪ್ರಾಣಬಿಟ್ಟರೆಂಬ ಕತೆಯನ್ನು ಈಗಲೂ ಹೇಳುತ್ತಾರೆ. ಆಮೇಲೆ ಊರು ಹಾಳುಬಿತ್ತು, ಕಾಡು ಬೆಳೆಯಿತು. ರಂಗನಾಥನ ಗುಡಿ, ಸೋಮೇಶ್ವರನ ಗುಡಿ, ಗಗನಚುಕ್ಕಿ ಕಡೆಯ ದರ್ಗಾ ಇವುಗಳಿಗೆ ನಡೆದುಕೊಳ್ಳುವವರು ಮಾತ್ರ ಹೊಳೆಯ ಹದ ನೋಡಿಕೊಂಡು ಹೋಗಿಬರುವಂತಾಯಿತು.

ಇಂಥ ಜಾಗಕ್ಕೆ ಬಂದವರು ತಿರುಚಿನಾಪಳ್ಳಿಯ ರಾಮಸ್ವಾಮಿ ಮುದಲಿಯಾರ್. ನಾನು ಹೋದದ್ದು ಇವರ ಕೆಲಸ ನೋಡುವುದಕ್ಕೇ ಎಂದರೂ ಸರಿ. ಮೈಸೂರು ರೆಸಿಡೆಂಟರ ಕೈಕೆಳಗೆ ಕೆಲಸ ಮಾಡುತ್ತಿದ್ದ ಈ ಮನುಷ್ಯ ರಾಜನಲ್ಲ, ಪಾಳೇಗಾರನಲ್ಲ, ಈ ಸೀಮೆಯವರೂ ಅಲ್ಲ. ಹೀಗಿದ್ದೂ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿ ಕಾಡು ಕಡಿಸಿದರು, ಗುಡಿಗಳನ್ನು ದುರಸ್ತಿ ಮಾಡಿಸಿದರು, ಬರುವವರು ತಂಗಲು ಬಂಗಲೆ ಕಟ್ಟಿಸಿದರು, ಎರಡೂ ಕವಲುಗಳಿಗೆ ಕಲ್ಲಿನ ಸೇತುವೆ ಹಾಕಿಸಿದರು. 1832ರ ಹೊತ್ತಿಗೆ ಕೆಲಸ ಮುಗಿದಿತ್ತು. ಬ್ರಿಟಿಷ್ ಸರ್ಕಾರ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟಿತು. ಬ್ರಿಟಿಷರೂ ಮೈಸೂರಿನವರೂ ಜಹಗೀರಾಗಿ ಹಳ್ಳಿಗಳನ್ನು ಬಿಟ್ಟುಕೊಟ್ಟರು. ಸೇತುವೆಗಳಿಗೆ ಮಾತ್ರ ಅವರ ಹೆಸರು ಬರಲಿಲ್ಲ. ಒಂದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿ, ಇನ್ನೊಂದಕ್ಕೆ ಆಗ ಮದರಾಸಿನ ಗವರ್ನರರಾಗಿದ್ದ ಲುಷಿಂಗ್ಟನ್. ನನ್ನ ಮಟ್ಟಿಗೆ ಎರಡೂ ಮುದಲಿಯಾರ್ ಸೇತುವೆಗಳೇ.

ಈ ಕೆಲಸದ ತೂಕ ತಿಳಿಯಬೇಕಾದರೆ ಆಗಿನ ಗಡಿಯನ್ನು ನೆನೆಯಬೇಕು. ಕೊಳ್ಳೇಗಾಲ ಆಗ ಮೈಸೂರಿಗೆ ಸೇರಿರಲಿಲ್ಲ. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದ ಅದು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಕೂಡ ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. ಹೀಗೆ ಎರಡು ಆಡಳಿತಗಳ ನಡುವೆ ಹರಿಯುತ್ತಿದ್ದ ಹೊಳೆಗೆ ಮುದಲಿಯಾರರು ಕಲ್ಲು ಹಾಸಿದರು. ಎರಡೂ ದಡದಲ್ಲಿ ಕನ್ನಡವನ್ನೇ ಆಡುತ್ತಿದ್ದ, ಹೆಣ್ಣು ಕೊಟ್ಟು ತರುತ್ತಿದ್ದ ಜನಕ್ಕೆ ಇದರಿಂದ ಎಷ್ಟು ಅನುಕೂಲವಾಗಿರಬೇಕು!

ಪೂರ್ಣಯ್ಯನವರ ಹೆಸರು ಇನ್ನೊಂದು ಕಾರಣಕ್ಕೂ ಇಲ್ಲಿ ಬರಬೇಕು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಅವರು ಕಟ್ಟಿಸಿದ ಸೇತುವೆಗೂ ವೆಲ್ಲೆಸ್ಲಿಯದೇ ಹೆಸರು. ಕಟ್ಟಿದ ರೀತಿಯೂ ಇದೇ. ಕಮಾನು ಇಲ್ಲ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಚಪ್ಪಡಿ. ನಮ್ಮ ಗುಡಿಗಳ ಮಂಟಪ ಕಟ್ಟುವ ವಿದ್ಯೆಯನ್ನೇ ಕಲ್ಲುಕುಟಿಗರು ಹೊಳೆಗೆ ತಂದರು.

ಹತ್ತಿರ ನಿಂತು ನೋಡಿದರೆ ಆ ಲೆಕ್ಕಾಚಾರ ಗೊತ್ತಾಗುತ್ತದೆ. ಇಲ್ಲಿ ಹೊಳೆಯ ತಳ ಮರಳಲ್ಲ, ಗಟ್ಟಿ ಬಂಡೆ. ಅಡಿಪಾಯ ತೋಡುವ ಕೆಲಸವನ್ನು ಹೊಳೆಯೇ ಮುಗಿಸಿಕೊಟ್ಟಿದೆ. ಕಲ್ಲಿಗೆ ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಉದ್ದನೆಯ ಕಲ್ಲನ್ನು ಎರಡು ತುದಿಗೆ ಆನಿಸಿ ನಡುವೆ ಭಾರ ಬಿಟ್ಟರೆ ಮುರಿಯುತ್ತದೆ. ಅದಕ್ಕೇ ಕಂಬಗಳು ಇಷ್ಟು ಒತ್ತೊತ್ತಾಗಿವೆ. ಬಂಡೆಯಲ್ಲಿ ಉಳಿಯಿಂದ ಸಾಲಾಗಿ ಗುಳಿ ಕೊರೆದು, ಬೆಣೆ ಬಡಿದು ಸೀಳುವುದು ಈ ಸೀಮೆಯ ಕಲ್ಲು ಒಡೆಯುವವರ ಹಳೇ ಕ್ರಮ. ಯಂತ್ರವಿಲ್ಲದ ಕಾಲದಲ್ಲಿ, ಮಳೆ ನಿಂತು ನೀರು ಇಳಿದ ಕೆಲವೇ ತಿಂಗಳುಗಳಲ್ಲಿ, ಜಾರುವ ಬಂಡೆಯ ಮೇಲೆ ಇಷ್ಟು ಕಂಬಗಳನ್ನು ನೆಟ್ಟಗೆ ನಿಲ್ಲಿಸಿದವರ ಹೆಸರು ಯಾವ ದಾಖಲೆಯಲ್ಲೂ ಸಿಗುವಂಥದಲ್ಲ.

ಸತ್ತೇಗಾಲದ ಕಡೆಯ ಹಿರಿಯರೊಬ್ಬರು ದಡದಲ್ಲಿ ದನ ಬಿಟ್ಟುಕೊಂಡು ಕೂತಿದ್ದರು. ಸೇತುವೆ ನೋಡಲು ಬಂದೆ ಎಂದಾಗ ಹತ್ತಿರ ಕರೆದು ಕೂರಿಸಿಕೊಂಡರು. “ನಾವು ಚಿಕ್ಕುಡುಗ್ರಾಗಿದ್ದಾಗ ಎತ್ತಿನ್‌ಗಾಡೀಲಿ ಇದರ ಮ್ಯಾಲೇ ಓಯ್ತಿದ್ದೊ ಕನಪ್ಪಾ. ಎತ್ತು ಕಾಲಿಡಕ್ಕ ಎದ್ರೋವು, ಕೆಳಗ ನೀರು ಕಾಣ್ತಿತ್ತಲ್ಲ. ನಮ್ಮಪ್ಪ ಮುಂದಕೋಗಿ ಮೂಗುದಾರ ಹಿಡ್ಕಂಡು ದಾಟ್ಸೋರು” ಎಂದರು. ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಕಲ್ಲಿನ ಮೇಲೆ ಉರುಳುವ ಸದ್ದು ಆಚೆ ದಡಕ್ಕೆ ಕೇಳಿಸುತ್ತಿತ್ತಂತೆ. ಯಾರ ಗಾಡಿ ಬರುತ್ತಿದೆ ಎಂದು ಸದ್ದಿನಲ್ಲೇ ಗುರುತು ಹಿಡಿಯುವವರೂ ಇದ್ದರಂತೆ.

ಮಾತು ಪ್ರವಾಹದ ಕಡೆ ತಿರುಗಿತು. “ನೀರು ಬಂದಾಗ ಮ್ಯಾಲೇ ಹರಿದೋಯ್ತದ. ಇಳುದ್ ಮ್ಯಾಲ ನೋಡುದ್ರ ಅಂಗೇ ನಿಂತಿರದು. ಆ ಸಲ ಮಾತ್ರ ಮರಮುಟ್ಟೆಲ್ಲ ಬಂದು ಕಂಬುಕ್ಕ ಸಿಕ್ಕಾಕತ್ತು” ಎಂದು ಸ್ವಲ್ಪ ಹೊತ್ತು ಸುಮ್ಮನಾದರು.

ಆ ಸಲ ಎಂದರೆ 2018. ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಒಟ್ಟಿಗೆ ನೀರು ಬಿಟ್ಟಾಗ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು, ದಾಸನಪುರದಂಥ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು, ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಕಂಬ ಒತ್ತೊತ್ತಾಗಿರುವುದೇ ಇಂಥ ಸೇತುವೆಯ ಶಕ್ತಿ, ಅದೇ ಅದರ ಕಷ್ಟವೂ ಹೌದು. ತೇಲಿ ಬಂದ ಮರ ಒಂದು ಕಂಬಕ್ಕೆ ಅಡ್ಡ ನಿಂತರೆ ಕೊಂಬೆ, ಕಸ, ಬಳ್ಳಿ ಎಲ್ಲ ಅಲ್ಲೇ ಸಿಕ್ಕಿಕೊಂಡು ಗೋಡೆಯಾಗುತ್ತದೆ. ಕಂಬದ ಸಂದಿಯಲ್ಲಿ ಹರಿದುಹೋಗಬೇಕಾದ ಹೊಳೆ ಆ ಗೋಡೆಯ ಮೇಲೆ ಪೂರ್ತಿ ಭಾರ ಹಾಕುತ್ತದೆ. ಒಂದು ಕಂಬ ವಾಲಿದರೆ ಅದು ಹೊತ್ತ ತೊಲೆ, ಚಪ್ಪಡಿ ಎಲ್ಲ ಜಾರುತ್ತವೆ.

ಸುಮಾರು ಎರಡು ಶತಮಾನ ನಿಂತದ್ದು ಇನ್ನು ಹೋದರೆ ಹೋಗಲಿ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೊಳೆ ದಾಟುವುದು ಈ ಸೀಮೆಯಲ್ಲಿ ಇವತ್ತಿಗೂ ಹಗುರವಾದ ವಿಷಯವಲ್ಲ. ಶಿವರಾತ್ರಿ ಹೊತ್ತಿಗೆ ಕನಕಪುರದ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಬರುವ ಭಕ್ತರು ಸಂಗಮದ ಬಳಿ ಹಗ್ಗ ಹಿಡಿದು, ಗಂಟು ತಲೆಯ ಮೇಲೆ ಹೊತ್ತು, ಕಾವೇರಿಯಲ್ಲಿ ಇಳಿದೇ ಹನೂರು ತಾಲ್ಲೂಕಿನ ದಡ ಸೇರುತ್ತಾರೆ. ಅದನ್ನು ಕಂಡವರಿಗೆ ಕಾಲಡಿಯ ಒಂದು ಚಪ್ಪಡಿಯ ಬೆಲೆ ಹೇಳಿಕೊಡಬೇಕಿಲ್ಲ.

ಇದೇ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆ ಸಾಹಸವನ್ನು ಶಾಲೆಯ ಮಕ್ಕಳೂ ಬಲ್ಲರು. ಅದಕ್ಕೆ ಎಪ್ಪತ್ತು ವರ್ಷ ಮೊದಲು ಇದೇ ಹೊಳೆಯಲ್ಲಿ ನಡೆದ ಈ ಕೆಲಸವನ್ನೂ ಅವರು ತಿಳಿಯಬೇಕು. ಗಗನಚುಕ್ಕಿಯಲ್ಲಿ ಜಲಪಾತೋತ್ಸವ ಮಾಡಿ ಬಣ್ಣದ ದೀಪ ಹಾಕುವ ಖರ್ಚಿನಲ್ಲಿ ಒಂದು ಪಾಲು ಸಾಕು. ಪ್ರತಿ ಮಳೆಗಾಲ ಮುಗಿದ ಕೂಡಲೇ ಕಂಬಗಳಿಗೆ ಸಿಕ್ಕ ಮರಮುಟ್ಟನ್ನು ತೆಗೆಸಬೇಕು. ಎಲ್ಲೇ ದುರಸ್ತಿ ಮಾಡಿದರೂ ಸಿಮೆಂಟು ಮೆತ್ತದೆ, ಇದೇ ಸೀಮೆಯ ಕಲ್ಲಿನಿಂದ, ಕಲ್ಲಿನ ಕೆಲಸ ಬಲ್ಲವರಿಂದ ಮಾಡಿಸಬೇಕು. ಗಾಡಿಗಳಿಗೆ ಹೊಸ ಸೇತುವೆ ಇದೆ. ಹಳೆಯದನ್ನು ನಡೆದು ಹೋಗುವವರಿಗೆ ಬಿಟ್ಟುಕೊಡಬೇಕು. ರಾಮಸ್ವಾಮಿ ಮುದಲಿಯಾರರ ಹೆಸರು, ಆ ಬಿರುದಿನ ಸಮೇತ, ಎರಡೂ ತುದಿಯಲ್ಲಿ ಕನ್ನಡದಲ್ಲಿ ಕೆತ್ತಿರಬೇಕು.

ನೋಡಬೇಕೆನ್ನುವವರು ಕೊಳ್ಳೇಗಾಲದಿಂದ ಬೆಂಗಳೂರು ರಸ್ತೆ ಹಿಡಿದು ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ತಿರುಗಬೇಕು. ನೀರು ಇಳಿದಿರುವ ಬೇಸಿಗೆಯಲ್ಲಿ ಹೋದರೆ ಕಂಬಗಳ ಬುಡದವರೆಗೂ ಕಾಣುತ್ತದೆ. ಮಳೆಗಾಲದಲ್ಲಿ ದಡದಿಂದಲೇ ನೋಡಿ, ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ಹೊಳೆಯ ಹತ್ತಿರಕ್ಕೂ ಹೋಗಬೇಡಿ. ಜಲಪಾತಕ್ಕೆ ಹೋಗುವ ಮುಂಚೆ ಅರ್ಧ ಗಂಟೆ ಈ ಸೇತುವೆಗೂ ಇಟ್ಟುಕೊಳ್ಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.